ಹಣ ಕಟ್ಟಿ ಅಂತರರಾಷ್ಟ್ರೀಯ ಕಲಾ ಮೇಳದಲ್ಲಿ ಚಿತ್ರ ಇಡಬಹುದಾ?

ನಿಮ್ಮ ಪ್ರಶ್ನೆ ಹೀಗಿದೆ: ವಿದೇಶದ ಗ್ಯಾಲರಿಯೊಂದು ನಿಮ್ಮ ಚಿತ್ರಗಳನ್ನು ಆನ್‌ಲೈನ್‌ನಲ್ಲಿ ನೋಡಿದೆ. ಅವನ್ನು ದೊಡ್ಡ ಕಲಾ ಮೇಳವೊಂದರಲ್ಲಿ ಇಡುತ್ತೇವೆ, ಗೋಡೆಯ ಜಾಗಕ್ಕೆ ನೀವು ಹಣ ಕಟ್ಟಬೇಕು ಎಂದು ಮೇಲ್ ಕಳಿಸಿದೆ. ಕಟ್ಟಬಹುದಾ, ಬೇರೆ ಕಲಾವಿದರೆಲ್ಲ ಅಲ್ಲಿಗೆ ಹೇಗೆ ತಲುಪುತ್ತಾರೆ ಎಂದು ಕೇಳಿದ್ದೀರಿ.

ನಾನು ಚಿತ್ರ ಬರೆಯುತ್ತೇನೆ. ಅದಕ್ಕೆ ಮುಂಚೆ ಒಂದು ಗ್ಯಾಲರಿಯಲ್ಲಿ ಕೆಲಸಕ್ಕಿದ್ದೆ. ಮೇಳಗಳಿಗೆ ಹೋಗಿ ಪೆಟ್ಟಿಗೆ ಬಿಚ್ಚುವುದು, ಬೂತ್‌ನಲ್ಲಿ, ಅಂದರೆ ಗ್ಯಾಲರಿ ಬಾಡಿಗೆಗೆ ಹಿಡಿದ ಜಾಗದಲ್ಲಿ, ಕೃತಿಗಳನ್ನು ತೂಗುಹಾಕುವುದು, ಬಂದವರ ಜೊತೆ ಮಾತಾಡುವುದು, ಕೊನೆಗೆ ಎಲ್ಲ ಮತ್ತೆ ಪ್ಯಾಕ್ ಮಾಡುವುದು ನನ್ನ ಕೆಲಸವಾಗಿತ್ತು. ಆ ಅನುಭವದಿಂದ ಹೇಳುತ್ತೇನೆ: ಈ ಮೇಲ್ ನಂಬಿ ಹಣ ಕಟ್ಟಬೇಡಿ.

ಯಾಕೆ ಅಂದರೆ, ದೊಡ್ಡ ಕಲಾ ಮೇಳಗಳು ಹುಟ್ಟಿನಿಂದಲೇ ಗ್ಯಾಲರಿಗಳ ಕೂಟ. 1967ರಲ್ಲಿ ಜರ್ಮನಿಯ ಕಲೋನ್‌ನಲ್ಲಿ 18 ಗ್ಯಾಲರಿಗಳು ಸೇರಿ ಮೇಳ ನಡೆಸಿದವು. ಇವತ್ತಿನ ರೂಪದ ಕಲಾ ಮೇಳ ಅಲ್ಲಿಂದ ಶುರುವಾಯಿತು. 1970ರಲ್ಲಿ ಸ್ವಿಟ್ಜರ್ಲೆಂಡ್‌ನ ಬಾಸೆಲ್ ನಗರದಲ್ಲಿ ಆರ್ಟ್ ಬಾಸೆಲ್ ಎಂಬ ಮೇಳ ಆರಂಭಿಸಿದ ಅರ್ನ್‌ಸ್ಟ್ ಬೇಯೆಲರ್, ಟ್ರೂಡಿ ಬ್ರುಕ್ನರ್, ಬಾಲ್ಟ್ಸ್ ಹಿಲ್ಟ್ ಮೂವರೂ ಗ್ಯಾಲರಿ ನಡೆಸುತ್ತಿದ್ದವರೇ. ಇಂದಿಗೂ ಆ ಕ್ರಮ ಬದಲಾಗಿಲ್ಲ. ಅರ್ಜಿ ಹಾಕುವುದು ಗ್ಯಾಲರಿ. ಆ ಅರ್ಜಿಯನ್ನು ನೋಡಿ ಆಯ್ಕೆ ಮಾಡುವ ಸಮಿತಿಯಲ್ಲಿ ಕೂರುವವರೂ ಹೆಚ್ಚಾಗಿ ಬೇರೆ ಗ್ಯಾಲರಿಗಳವರು. ಯಾವ ಕಲಾವಿದರ ಯಾವ ಕೆಲಸ ತರುತ್ತೀರಿ, ಅದನ್ನು ಬೂತ್‌ನಲ್ಲಿ ಹೇಗೆ ಜೋಡಿಸುತ್ತೀರಿ, ವರ್ಷವಿಡೀ ನಿಮ್ಮಲ್ಲಿ ಎಂಥ ಪ್ರದರ್ಶನಗಳು ನಡೆಯುತ್ತವೆ ಎಂದೆಲ್ಲ ನೋಡುತ್ತಾರೆ. ಆಯ್ಕೆಯಾದ ಮೇಲೆ ಬೂತ್ ಬಾಡಿಗೆ, ಸಾಗಣೆ, ಲೈಟು, ಸಿಬ್ಬಂದಿಯ ಓಡಾಟ ಎಲ್ಲಕ್ಕೂ ಹಣ ಹಾಕುವುದು ಗ್ಯಾಲರಿಯೇ.

ಈ ಹಣದ ವಿಷಯವನ್ನು ಸ್ವಲ್ಪ ಗಮನವಿಟ್ಟು ನೋಡಿ. ಗ್ಯಾಲರಿ ತನ್ನ ಕೈಯಿಂದ ಹಣ ಹಾಕಿದಾಗ, ನಿಮ್ಮ ಕೃತಿ ಮಾರಾಟವಾಗಲೇಬೇಕು ಎಂಬ ತುರ್ತು ಅದಕ್ಕಿರುತ್ತದೆ. ಬಂದವರಿಗೆ ನಿಮ್ಮ ಬಗ್ಗೆ ಹೇಳಬೇಕು, ಹಿಂದಿನ ಕೆಲಸ ತೋರಿಸಬೇಕು, ಆಮೇಲೆ ಫೋನ್ ಮಾಡಿ ನೆನಪಿಸಬೇಕು. ನಿಮ್ಮಿಂದ ಮೊದಲೇ ಹಣ ವಸೂಲಿ ಮಾಡುವ ಗ್ಯಾಲರಿಗೆ ಇದ್ಯಾವುದೂ ಬೇಕಿಲ್ಲ. ಮೇಳದ ಬಾಗಿಲು ತೆರೆಯುವ ಮುಂಚೆಯೇ ಅದರ ಸಂಪಾದನೆ ಮುಗಿದಿರುತ್ತದೆ. ಅಂಥ ಬೂತ್‌ಗಳಲ್ಲಿ ಚಿತ್ರಗಳನ್ನು ನೆಲದಿಂದ ಮೇಲಿನವರೆಗೆ ಒತ್ತಿ ಒತ್ತಿ ತೂಗುಹಾಕಿದ್ದನ್ನು ನಾನು ಕಂಡಿದ್ದೇನೆ. ಯಾವ ಚಿತ್ರ ಯಾರದು ಎಂದು ಕೇಳಿದರೆ ಅಲ್ಲಿ ನಿಂತವರಿಗೇ ಗೊತ್ತಿರಲಿಲ್ಲ. ತುಂಬಾ ಬೇಜಾರಾಯಿತು. ಆ ಚಿತ್ರ ಬರೆದವರು ಸಾಲ ಮಾಡಿ ಹಣ ಕಟ್ಟಿರಬಹುದು, ಅಲ್ವಾ?

ಹಾಗಂತ ಕಲಾವಿದರು ಹಣ ಕೊಡುವ ಮೇಳಗಳೆಲ್ಲ ಮೋಸ ಎಂದಲ್ಲ. 2011ರಲ್ಲಿ ಲಂಡನ್‌ನಲ್ಲಿ ಶುರುವಾದ ದಿ ಅದರ್ ಆರ್ಟ್ ಫೇರ್ ಥರದವು ಕಲಾವಿದರಿಗಾಗಿಯೇ ಇವೆ. ನೀವೇ ಅರ್ಜಿ ಹಾಕುತ್ತೀರಿ, ಒಂದು ಸಮಿತಿ ಆರಿಸುತ್ತದೆ, ಜಾಗದ ಬಾಡಿಗೆಯನ್ನು ಆಯೋಜಕರಿಗೆ ನೇರವಾಗಿ ಕಟ್ಟುತ್ತೀರಿ. ನಿಮ್ಮ ಬೂತ್‌ನಲ್ಲಿ ನೀವೇ ನಿಂತು ಮಾತಾಡುತ್ತೀರಿ, ಮಾರುತ್ತೀರಿ. ಯಾವುದಕ್ಕೆ ಎಷ್ಟು ಕೊಟ್ಟೆ, ಏನು ಸಿಕ್ಕಿತು ಎಂಬುದು ಸ್ಪಷ್ಟವಾಗಿರುತ್ತದೆ. ಜನರ ಜೊತೆ ಮಾತಾಡುವುದು ನಿಮಗೆ ಇಷ್ಟ ಎಂದಾದರೆ ಇದು ಒಳ್ಳೆಯ ದಾರಿ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಗೆಹರಿಸುತ್ತೇನೆ. ಬಿಯೆನಾಲೆ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ದೊಡ್ಡ ಕಲಾ ಪ್ರದರ್ಶನ, ಬೇರೆ; ಮೇಳ ಬೇರೆ. 1895ರಲ್ಲಿ ಶುರುವಾದ ವೆನಿಸ್ ಬಿಯೆನಾಲೆಯಲ್ಲೂ ಒಂದು ಕಾಲದಲ್ಲಿ ಕೃತಿಗಳ ಮಾರಾಟ ನಡೆಯುತ್ತಿತ್ತು. 1968ರ ಪ್ರತಿಭಟನೆಗಳ ನಂತರ ಅದು ನಿಂತಿತು. ಈಗ ಅಲ್ಲಿಗೆ ಕಲಾವಿದರನ್ನು ಕರೆಯುವುದು ಕ್ಯುರೇಟರ್‌ಗಳು, ಅಂದರೆ ಪ್ರದರ್ಶನಕ್ಕೆ ಕೃತಿಗಳನ್ನು ಆರಿಸಿ ಜೋಡಿಸುವವರು. ಮೇಳದಲ್ಲಿ ಗೋಡೆಯ ಮೇಲಿರುವುದೆಲ್ಲ ಮಾರಾಟಕ್ಕೇ ಇರುತ್ತದೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಮಾರಾಟವಾದರೆ ತಾನೇ ಮುಂದಿನ ಕ್ಯಾನ್ವಾಸಿಗೆ ದುಡ್ಡು.

ಇನ್ನು ಹೊಸಬರು ಅಲ್ಲಿಗೆ ತಲುಪುವ ದಾರಿ. ಒಂದು ಸಣ್ಣ ಗ್ಯಾಲರಿ ನಿಮ್ಮ ಕೆಲಸವನ್ನು ಕೆಲವು ವರ್ಷ ಗಮನಿಸುತ್ತದೆ. ಮೊದಲು ಗುಂಪು ಪ್ರದರ್ಶನ, ಆಮೇಲೆ ಒಬ್ಬರದೇ ಪ್ರದರ್ಶನ, ಆಮೇಲೆ ಮೇಳ. ದೊಡ್ಡ ಮೇಳಗಳಲ್ಲಿ ಇಂಥ ಗ್ಯಾಲರಿಗಳಿಗೆಂದೇ ಬೇರೆ ವಿಭಾಗಗಳಿವೆ. ಆರ್ಟ್ ಬಾಸೆಲ್‌ನ ಸ್ಟೇಟ್‌ಮೆಂಟ್ಸ್ ವಿಭಾಗದಲ್ಲಿ ಒಂದು ಬೂತ್‌ನಲ್ಲಿ ಒಬ್ಬರೇ ಹೊಸ ಕಲಾವಿದರ ಕೆಲಸ ಇಡುತ್ತಾರೆ. ಅಲ್ಲಿ 1999ರಿಂದ ಬಾಲೊಯಿಸ್ ಪ್ರಶಸ್ತಿ ಇದೆ. ಪ್ರಶಸ್ತಿ ಕೊಡುವ ವಿಮಾ ಕಂಪನಿ ಗೆದ್ದವರ ಕೃತಿಗಳನ್ನು ಕೊಂಡು ಮ್ಯೂಸಿಯಂಗಳಿಗೆ ಕೊಡುತ್ತದೆ. ಲಂಡನ್‌ನಲ್ಲಿ ಫ್ರೀಜ್ ಮೇಳ ಶುರುವಾದ 2003ರಲ್ಲೇ ಟೇಟ್ ಮ್ಯೂಸಿಯಂಗಾಗಿ ಮೇಳದಲ್ಲೇ ಕೃತಿ ಕೊಳ್ಳುವ ನಿಧಿಯೊಂದನ್ನು ಮಾಡಿದರು. ಈ ವಿಭಾಗಗಳಲ್ಲಿ ಕ್ಯುರೇಟರ್‌ಗಳು ನಿಧಾನವಾಗಿ ಓಡಾಡುತ್ತಾರೆ, ಬರೆದುಕೊಳ್ಳುತ್ತಾರೆ. ಅವತ್ತಿನ ಮಾರಾಟಕ್ಕಿಂತ ಇದರ ಬೆಲೆ ಜಾಸ್ತಿ ಎಂಬುದು ನನ್ನ ಅಭಿಪ್ರಾಯ.

ನಾನಿದ್ದ ಗ್ಯಾಲರಿ ಒಮ್ಮೆ ಒಬ್ಬ ಕಲಾವಿದೆಯ ದೊಡ್ಡ ದೊಡ್ಡ ಬಟ್ಟೆಯ ಕೃತಿಗಳನ್ನು ಮೇಳಕ್ಕೆ ಒಯ್ದಿತ್ತು. ಒಂದೂ ಮಾರಾಟವಾಗಲಿಲ್ಲ. ಎಲ್ಲ ಸುತ್ತಿ ವಾಪಸ್ ತಂದೆವು. ಆದರೂ ಮುಂದಿನ ವರ್ಷ ಗ್ಯಾಲರಿ ಅವರ ಕೆಲಸವನ್ನೇ ಮತ್ತೆ ಒಯ್ದಿತು. ಯಾರೂ ಕೊಳ್ಳದಿದ್ದಾಗಲೂ ಜೊತೆಗೆ ನಿಲ್ಲುವ ಗ್ಯಾಲರಿ ಸಿಕ್ಕರೆ ಸಾಕು. ಯಾವ ಮೇಳ ಎಂಬುದು ಆಮೇಲಿನ ಮಾತು.

ಗಮನ ಸೆಳೆಯುವಂಥದ್ದು ಏನಾದರೂ ಮಾಡಿದರೆ ಮೇಳದಲ್ಲಿ ಹೆಸರಾಗುತ್ತದೆ ಎಂದು ಅನೇಕರು ನಂಬಿದ್ದಾರೆ. 2019ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ನಡೆಯುವ ಆರ್ಟ್ ಬಾಸೆಲ್ ಮಯಾಮಿ ಬೀಚ್‌ ಮೇಳದಲ್ಲಿ ಇಟಲಿಯ ಕಲಾವಿದ ಮೌರಿಜಿಯೊ ಕಟೆಲಾನ್ ಗೋಡೆಗೆ ಟೇಪ್ ಹಚ್ಚಿ ಇಟ್ಟ ಬಾಳೆಹಣ್ಣು ಎಲ್ಲರಿಗೂ ನೆನಪಿದೆ. ಅದರ ಬೆಲೆ 1,20,000 ಡಾಲರ್ ಇತ್ತು. ನೋಡಲು ನುಗ್ಗಿದ ಜನರಿಂದಾಗಿ ಕೊನೆಯ ದಿನ ಅದನ್ನು ತೆಗೆದೇಬಿಟ್ಟರು. ಆದರೆ ಆ ಹೊತ್ತಿಗೆ ಕಟೆಲಾನ್ ದಶಕಗಳಿಂದ ಕೆಲಸ ಮಾಡುತ್ತಿದ್ದರು. ಅದನ್ನು ಇಟ್ಟ ಪೆರೋಟಿನ್ ಗ್ಯಾಲರಿಯ ಜೊತೆ ಅವರ ಒಡನಾಟ 1990ರ ದಶಕದ್ದು. ಆ ಹಿನ್ನೆಲೆ ಇಲ್ಲದೆ ಬೇರೆಯವರು ಸುಮ್ನೆ ಹಣ್ಣು ಅಂಟಿಸಿದ್ದರೆ ಯಾರೂ ನಿಂತು ನೋಡುತ್ತಿರಲಿಲ್ಲ. ಮೇಳಕ್ಕಾಗಿ ಬೇರೆ ಥರ ಕೆಲಸ ಮಾಡಲು ಹೋಗಬೇಡಿ. ಸ್ಟುಡಿಯೋದಲ್ಲಿ ಏನು ನಡೆಯುತ್ತಿದೆಯೋ ಅದೇ ಅಲ್ಲಿಗೂ ಹೋಗಲಿ.

ಮೇಳದ ಒಳಗೆ ನಡೆಯುವುದನ್ನೂ ತಿಳಿದಿರಿ. ಸಾರ್ವಜನಿಕರಿಗೆ ಬಾಗಿಲು ತೆರೆಯುವ ಮೊದಲು ಆಹ್ವಾನಿತರಿಗೆ ಮಾತ್ರ ಒಂದೆರಡು ಪ್ರಿವ್ಯೂ ದಿನಗಳು ಇರುತ್ತವೆ. ಅದಕ್ಕೂ ಮುಂಚೆ ಗ್ಯಾಲರಿ ತನಗೆ ಗೊತ್ತಿರುವ ಸಂಗ್ರಾಹಕರಿಗೆ ಕೃತಿಗಳ ಪಿಡಿಎಫ್ ಕಳಿಸಿರುತ್ತದೆ. ಕೆಲವು ಕೃತಿಗಳು ಗೋಡೆ ಹತ್ತುವ ಮುಂಚೆಯೇ ಹೋಲ್ಡ್ ಆಗಿರುತ್ತವೆ, ಅಂದರೆ ಯಾರೋ ಕಾಯ್ದಿರಿಸಿರುತ್ತಾರೆ. ಉಳಿದವನ್ನು ಜನ ನಡೆಯುತ್ತಲೇ ನೋಡುತ್ತಾರೆ. ತಿಂಗಳುಗಟ್ಟಲೆ ಮಾಡಿದ ಕೆಲಸದ ಮುಂದೆ ಕೆಲವರು ಕೆಲವೇ ಸೆಕೆಂಡ್ ನಿಂತು ಮುಂದೆ ಹೋಗುತ್ತಾರೆ. ಅದನ್ನು ನೋಡುವುದು ಕಷ್ಟ. ಹೋಗುವುದಾದರೆ ಕೊನೆಯ ದಿನಗಳಲ್ಲಿ ಹೋಗಿ. ಆಗ ವಿದ್ಯಾರ್ಥಿಗಳು, ಬೇರೆ ಕಲಾವಿದರು ಬರುತ್ತಾರೆ, ಬಣ್ಣದ ಬಗ್ಗೆ ಕೇಳುತ್ತಾರೆ. ಆ ಮಾತುಕತೆ ಚೆನ್ನಾಗಿರುತ್ತದೆ.

ಒಂದು ದಿನ ನಿಜವಾದ ಗ್ಯಾಲರಿ ಕರೆದಾಗಲೂ ಕರಾರು ಇಲ್ಲದೆ ಕೃತಿ ಕಳಿಸಬೇಡಿ. ಸ್ನೇಹದ ಮೇಲೆ ಬಿಡಬೇಡಿ. ಮಾರಾಟದ ಹಣ ಅರ್ಧ ಅರ್ಧ ಹಂಚಿಕೊಳ್ಳುವುದು ಸಾಮಾನ್ಯ ಪದ್ಧತಿ. ಜಗಳ ಬರುವುದು ಬೇರೆ ಕಡೆ. ಕೊಳ್ಳುವವರಿಗೆ ರಿಯಾಯಿತಿ ಕೊಟ್ಟರೆ ಅದು ಯಾರ ಪಾಲಿನಿಂದ ಹೋಗುತ್ತದೆ? ಫ್ರೇಮು, ಸಾಗಣೆಯ ಖರ್ಚನ್ನು ನಿಮ್ಮ ಪಾಲಿನಲ್ಲಿ ಕಳೆಯುತ್ತಾರಾ? ಹಣ ಬಂದ ಎಷ್ಟು ದಿನಕ್ಕೆ ನಿಮಗೆ ಕೊಡುತ್ತಾರೆ? ಮಾರಾಟವಾಗದ ಕೃತಿ ಯಾವಾಗ ವಾಪಸ್ ಬರುತ್ತದೆ, ಅಲ್ಲಿವರೆಗೆ ವಿಮೆ ಯಾರದು? ಎಲ್ಲ ಬರಹದಲ್ಲಿ ಇರಲಿ. ಕಳಿಸುವ ಮುಂಚೆ ಕೃತಿಯ ಮುಂದೆ, ಹಿಂದೆ, ನಾಲ್ಕೂ ಮೂಲೆ ಫೋಟೊ ತೆಗೆದು, ಕೃತಿ ಯಾವ ಸ್ಥಿತಿಯಲ್ಲಿದೆ ಎಂದು ಬರೆದ ಕಂಡೀಷನ್ ರಿಪೋರ್ಟ್ ಮಾಡಿ, ನೀವು ಮತ್ತು ಗ್ಯಾಲರಿಯವರು ಇಬ್ಬರೂ ಸಹಿ ಹಾಕಿ. ಮೂಲೆ ಮುರಿದು ಬಂದಾಗ ಮಾತಾಡುವುದು ಆ ಕಾಗದ ಒಂದೇ.

ಕಸ್ಟಮ್ಸ್ ಬಗ್ಗೆಯೂ ಕೇಳಿಕೊಳ್ಳಿ. ಪ್ರದರ್ಶನಕ್ಕೆ ಮಾತ್ರ ಹೋಗಿ ಬರುವ ವಸ್ತುಗಳಿಗೆ ಎಟಿಎ ಕಾರ್ನೆಟ್ ಎಂಬ ದಾಖಲೆ ಮಾಡಿಸುತ್ತಾರೆ. ಅದು ಒಂದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಕೃತಿ ವಾಪಸ್ ಬರಬೇಕು. ಅಲ್ಲೇ ಮಾರಾಟವಾದರೆ ಆ ದೇಶದ ಸುಂಕ, ತೆರಿಗೆ ಕಟ್ಟಬೇಕಾಗುತ್ತದೆ. ಯಾರು ಕಟ್ಟುತ್ತಾರೆ ಎಂಬುದನ್ನೂ ಕರಾರಿನಲ್ಲೇ ಬರೆಸಿ.

ಈಗ ನಿಮಗೆ ಬಂದ ಮೇಲ್. ಅದರಲ್ಲಿ ಮೇಳದ ಹೆಸರು ಸರಿಯಾಗಿದೆಯಾ, ಇಲ್ಲಾ ಊರಿನ ಹೆಸರು ಮತ್ತು ‘ಆರ್ಟ್ ವೀಕ್’ ಎಂದಷ್ಟೇ ಇದೆಯಾ ನೋಡಿ. ದೊಡ್ಡ ಮೇಳ ನಡೆಯುವ ವಾರ ಅದೇ ಊರಲ್ಲಿ ಸಣ್ಣ ಮೇಳಗಳೂ ನಡೆಯುತ್ತವೆ. ಅವುಗಳಲ್ಲಿ ಕೆಲವು ತುಂಬಾ ಒಳ್ಳೆಯವು. 1996ರಿಂದ ಬಾಸೆಲ್‌ನಲ್ಲಿ ನಡೆಯುವ ಲಿಸ್ಟೆ ಎಷ್ಟೋ ಯುವ ಗ್ಯಾಲರಿಗಳನ್ನು ಬೆಳೆಸಿದೆ. ಆದರೆ ಅದೇ ವಾರ ಯಾರೋ ಒಂದು ಹೋಟೆಲ್ ಹಾಲ್ ಬಾಡಿಗೆ ಹಿಡಿದು ದೊಡ್ಡ ಮೇಳದ ಭಾಗ ಎಂಬಂತೆ ಬರೆಯುವುದೂ ಇದೆ. ಮೇಳದ ವೆಬ್‌ಸೈಟ್‌ನಲ್ಲಿ ಭಾಗವಹಿಸುವ ಗ್ಯಾಲರಿಗಳ ಪಟ್ಟಿ ಇರುತ್ತದೆ. ಆ ಗ್ಯಾಲರಿಯ ಹೆಸರಿಲ್ಲದಿದ್ದರೆ ಮೇಳದ ಕಚೇರಿಗೇ ಬರೆದು ಕೇಳಿ. ಅವರು ಹಿಂದೆ ತೋರಿಸಿದ ಇಬ್ಬರು ಮೂವರು ಕಲಾವಿದರನ್ನೂ ಹುಡುಕಿ ಮಾತಾಡಿಸಿ.

ಕೈಯಲ್ಲಿ ಆ ಹಣ ಇದ್ದರೆ, ಅದರ ಒಂದು ಭಾಗದಲ್ಲಿ ಮೇಳವೊಂದನ್ನು ನೋಡಲು ಹೋಗಿ ಬನ್ನಿ. ನಿಮ್ಮ ಕೆಲಸ ಯಾವ ಬೂತ್‌ನಲ್ಲಿ ಹೊಂದುತ್ತಿತ್ತು ಎಂದು ಯೋಚಿಸುತ್ತಾ ಓಡಾಡಿ, ಆ ಗ್ಯಾಲರಿಗಳ ಹೆಸರು ಬರೆದುಕೊಳ್ಳಿ. ಅಲ್ಲೇ ಫೋನ್ ತೆಗೆದು ನಿಮ್ಮ ಚಿತ್ರ ತೋರಿಸಬೇಡಿ, ಅವರು ಮಾರಾಟದ ಗಡಿಬಿಡಿಯಲ್ಲಿರುತ್ತಾರೆ. ಮೇಳ ಮುಗಿದು ಕೆಲವು ವಾರ ಬಿಟ್ಟು ಮೇಲ್ ಮಾಡಿ. ಅವರ ಬೂತ್‌ನಲ್ಲಿ ಕಂಡ ಯಾವ ಕೃತಿ ನಿಮ್ಮನ್ನು ಹಿಡಿದು ನಿಲ್ಲಿಸಿತು ಎಂದು ಎರಡು ಸಾಲು ಬರೆದು, ಇತ್ತೀಚಿನ ಐದಾರು ಚಿತ್ರಗಳನ್ನು ಮಾತ್ರ ಸೇರಿಸಿ.