ಸಂಪಾದಕರ ಉತ್ತರ: ಠಾಣೆಯೊಳಗಿನ ಹತ್ತು ಗಂಟೆಗಳ ಲೆಕ್ಕ

ಪೊಲೀಸ್ ವಶದಲ್ಲಿನ ಸಾವುಗಳ ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು, ಊರು ಬೇಡ ಎಂದಿದ್ದಾರೆ. ಅವರ ತಂದೆ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾದವರು, ತಮ್ಮ ಈಗ ಕಾನ್‌ಸ್ಟೇಬಲ್. ಪತ್ರದ ಸಾರ ಇಷ್ಟು: "ಹತ್ತು ಗಂಟೆ ಠಾಣೆಯಲ್ಲಿದ್ದವನು ಹೃದಯಾಘಾತದಿಂದ ಸತ್ತರೂ ಲಾಕಪ್ ಡೆತ್ ಎಂದೇ ಬರೆಯುತ್ತೀರಿ. ಜನ ಠಾಣೆಗೆ ಕಲ್ಲು ಹೊಡೆಯುತ್ತಾರೆ. ಮಾರನೇ ದಿನ ಇನ್‌ಸ್ಪೆಕ್ಟರ್ ಅಮಾನತು. ತಹಶೀಲ್ದಾರರ ತನಿಖೆ ಇದೆ, ಸಿಐಡಿ ಇದೆ, ಮಾನವ ಹಕ್ಕುಗಳ ಆಯೋಗ ಇದೆ. ಇದಕ್ಕಿಂತ ಹೆಚ್ಚಿನ ಹೊಣೆಗಾರಿಕೆ ಬೇರೆ ಯಾವ ಇಲಾಖೆಗಿದೆ? ರಾತ್ರಿ ಪಾಳಿಯಲ್ಲಿ ಒಳಗಿದ್ದವನಿಗೆ ಏನಾದರೂ ಆದರೆ ನನ್ನ ತಮ್ಮನಂಥವನು ಏನು ಮಾಡಬೇಕು, ಅದನ್ನು ಯಾಕೆ ಬರೆಯುವುದಿಲ್ಲ?"

ಪ್ರಿಯ ಓದುಗರೆ,

ನಿಮ್ಮ ಸಿಟ್ಟಿನಲ್ಲಿ ನ್ಯಾಯವಿದೆ, ಮೊದಲು ಅದನ್ನು ಒಪ್ಪಿಕೊಳ್ಳುತ್ತೇವೆ. ಠಾಣೆಯಲ್ಲಿ ಸತ್ತವರೆಲ್ಲ ಏಟು ತಿಂದೇ ಸತ್ತವರಲ್ಲ. ದಿನವೂ ವಿಪರೀತ ಕುಡಿಯುವವನಿಗೆ ಮದ್ಯ ತಪ್ಪಿದ ಎರಡು ಮೂರನೇ ದಿನಕ್ಕೆ ಮೈ ನಡುಗಿ, ಭ್ರಮೆ ಹಿಡಿದು, ಫಿಟ್ಸ್ ಬಂದು ಪ್ರಾಣ ಹೋಗಬಹುದು. ಸಕ್ಕರೆ ಕಾಯಿಲೆಯವನಿಗೆ ಇನ್ಸುಲಿನ್ ಸಿಗದಿದ್ದರೂ ಅಷ್ಟೇ. ಕಲ್ಲು ಹೊಡೆಯುವುದನ್ನು ನಾವು ಎಂದೂ ಸಮರ್ಥಿಸಿಲ್ಲ. 2024ರ ಮೇ ತಿಂಗಳಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ, ಠಾಣೆಗೆ ಕರೆತಂದಿದ್ದ ವ್ಯಕ್ತಿ ಮೃತಪಟ್ಟ ಸುದ್ದಿ ಹಬ್ಬಿ ಜನ ಠಾಣೆಗೆ ನುಗ್ಗಿದರು, ಪೊಲೀಸರು ಗಾಯಗೊಂಡರು. ಇಂಥ ದಾಳಿಯಲ್ಲಿ ಠಾಣೆಯ ಡೈರಿ, ಸಿಸಿಟಿವಿಯ ರೆಕಾರ್ಡರ್ ಹಾಳಾದರೆ ನಷ್ಟ ಸತ್ತವನ ಮನೆಯವರಿಗೇ. ಸತ್ಯ ಹೇಳಬಲ್ಲ ವಸ್ತುಗಳು ಅವೇ.

ಆದರೆ "ಹೃದಯಾಘಾತ" ಎಂಬ ಮಾತಿಗೆ ನಾವು ಅಷ್ಟು ಸುಲಭವಾಗಿ ತಲೆಯಾಡಿಸಲಾರೆವು. ಯಾವ ಕಾರಣಕ್ಕೆ ಸತ್ತರೂ ಕೊನೆಗೆ ಹೃದಯ ನಿಂತೇ ನಿಲ್ಲುತ್ತದೆ. ಅದು ಯಾಕೆ ನಿಂತಿತು ಎಂಬುದೇ ಪ್ರಶ್ನೆ. ತೊಡೆ, ಪೃಷ್ಠಗಳ ಮೇಲೆ ಬಹಳ ಹೊತ್ತು ಏಟು ಬಿದ್ದರೆ, ಅಥವಾ ತೊಡೆಯ ಮೇಲೆ ಭಾರದ ಕೊಳವೆ ಉರುಳಿಸಿದರೆ, ಒಳಗಿನ ಸ್ನಾಯು ಜಜ್ಜಿ ಹೋಗುತ್ತದೆ. ಚರ್ಮದ ಮೇಲೆ ದೊಡ್ಡ ಗಾಯವೇ ಕಾಣದಿರಬಹುದು. ಜಜ್ಜಿದ ಸ್ನಾಯುವಿನ ಅಂಶ ರಕ್ತ ಸೇರಿ ಮೂತ್ರಪಿಂಡದ ಕೆಲಸ ನಿಲ್ಲಿಸುತ್ತದೆ, ಪೊಟ್ಯಾಸಿಯಂ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ. ಎರಡು ಮೂರು ದಿನ ಕಳೆದು ಜೈಲಿನಲ್ಲೋ ಆಸ್ಪತ್ರೆಯಲ್ಲೋ ಸತ್ತರೆ ಕಾಗದದಲ್ಲಿ ಉಳಿಯುವುದು ಹೃದಯಾಘಾತ.

ಆದ್ದರಿಂದ ಶವಪರೀಕ್ಷೆ ಹೇಗೆ ನಡೆಯಿತು ಎಂಬುದರಲ್ಲೇ ಮುಕ್ಕಾಲು ಪಾಲು ಉತ್ತರವಿರುತ್ತದೆ. ಸತ್ತವನನ್ನು ಅಂಗಾತ ಮಲಗಿಸಿದಾಗ ರಕ್ತ ಬೆನ್ನು, ತೊಡೆಯ ಹಿಂಭಾಗಕ್ಕೆ ಇಳಿದು ನೀಲಿಗಟ್ಟುತ್ತದೆ. ಲಾಠಿ ಏಟು ಬೀಳುವುದೂ ಹೆಚ್ಚಾಗಿ ಅಲ್ಲಿಯೇ. ಎರಡನ್ನೂ ಬೇರೆ ಮಾಡಿ ತಿಳಿಯಬೇಕೆಂದರೆ ಆ ಜಾಗ ಕೊಯ್ದು ನೋಡಬೇಕು. ತಾನಾಗಿ ಇಳಿದ ರಕ್ತವನ್ನು ನೀರಿನಿಂದ ತೊಳೆದರೆ ಹೋಗುತ್ತದೆ, ಏಟಿನ ರಕ್ತ ಮಾಂಸದೊಳಗೆ ಇಂಗಿರುತ್ತದೆ, ತೊಳೆದರೂ ಹೋಗದು. ಉರುಟು ಕೋಲಿನ ಏಟಾಗಿದ್ದರೆ ಎರಡು ಕೆಂಪು ಗೆರೆ, ನಡುವೆ ಬಿಳಿಚಿದ ಪಟ್ಟಿ, ಥೇಟ್ ರೈಲು ಹಳಿಯಂತೆ ಕಾಣುತ್ತದೆ. ಅಂಗಾಲನ್ನೂ ಕೊಯ್ದು ನೋಡಬೇಕು, ಅಲ್ಲಿನ ದಪ್ಪ ಚರ್ಮ ಏಟನ್ನು ಮುಚ್ಚಿಡುತ್ತದೆ. ಮೂತ್ರಪಿಂಡದ ತುಂಡನ್ನು ಸೂಕ್ಷ್ಮದರ್ಶಕದ ಪರೀಕ್ಷೆಗೆ ಕಳಿಸಬೇಕು. ಕೆಲವು ಏಟು ಮೊದಲ ದಿನ ಕಾಣದೆ ಮರುದಿನ ಮೇಲೆದ್ದು ಬರುತ್ತವೆ, ಹಾಗಾಗಿ ಶವವನ್ನು ತರಾತುರಿಯಲ್ಲಿ ಸುಡಿಸುವುದು ತಪ್ಪು. ತಲೆ, ಎದೆ, ಹೊಟ್ಟೆ ಮಾತ್ರ ತೆರೆದು ಹೊಲಿದ ಮಾಮೂಲಿ ಪರೀಕ್ಷೆಯಲ್ಲಿ ಇವು ಯಾವುವೂ ಸಿಗುವುದಿಲ್ಲ. ವಶದಲ್ಲಿನ ಸಾವಿನ ಶವಪರೀಕ್ಷೆಯನ್ನು ವಿಡಿಯೊ ಮಾಡಬೇಕು ಎಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1995ರಿಂದಲೇ ರಾಜ್ಯಗಳಿಗೆ ಹೇಳುತ್ತಾ ಬಂದಿದೆ. ವಿಡಿಯೊ ಎಂದರೆ ಮುಚ್ಚಿದ ಶವದ ಎರಡು ನಿಮಿಷದ ಚಿತ್ರವಲ್ಲ. ಬಟ್ಟೆ ತೆಗೆಯುವುದರಿಂದ ಹಿಡಿದು ಪ್ರತಿ ಗಾಯದ ಪಕ್ಕ ಅಳತೆಪಟ್ಟಿ ಇಟ್ಟು ತೋರಿಸುವವರೆಗೆ ಎಲ್ಲವೂ ಅದರಲ್ಲಿರಬೇಕು.

ಇನ್ನು ತಹಶೀಲ್ದಾರರ ತನಿಖೆಯ ವಿಷಯ. ಇದನ್ನು ನಮ್ಮ ಲೇಖನದಲ್ಲೂ ಸರಿಯಾಗಿ ಬಿಡಿಸಿ ಹೇಳಿರಲಿಲ್ಲ, ಅದು ನಮ್ಮ ತಪ್ಪು. ಪೊಲೀಸ್ ವಶದಲ್ಲಿ ಯಾರೇ ಸತ್ತರೂ, ಕಾಣೆಯಾದರೂ ವಿಚಾರಣೆ ನಡೆಸಬೇಕಾದವರು ನ್ಯಾಯಿಕ ಮ್ಯಾಜಿಸ್ಟ್ರೇಟರು. ಹೀಗೆಂದು ಹಳೆಯ ದಂಡಪ್ರಕ್ರಿಯಾ ಸಂಹಿತೆಗೆ 2005ರಲ್ಲಿ ತಂದ ತಿದ್ದುಪಡಿ 2006ರಲ್ಲಿ ಜಾರಿಗೆ ಬಂತು. 2024ರ ಜುಲೈ 1ರಿಂದ ಅದೇ ವಿಷಯ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 196ರಲ್ಲಿದೆ. ಹೊಸ ಸಂಹಿತೆ ಬರೀ "ಮ್ಯಾಜಿಸ್ಟ್ರೇಟ್" ಎನ್ನುತ್ತದೆ, ಹಾಗಾಗಿ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಾದ ತಹಶೀಲ್ದಾರರೂ ಆಗಬಹುದು ಎಂದು ವಾದಿಸುವವರಿದ್ದಾರೆ. ಬೇರೆ ವಿಶೇಷಣವಿಲ್ಲದೆ ಮ್ಯಾಜಿಸ್ಟ್ರೇಟ್ ಎಂದರೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಎಂದು ಅದೇ ಸಂಹಿತೆಯ ಸೆಕ್ಷನ್ 3 ಹೇಳಿದೆ. ಸತ್ತ 24 ಗಂಟೆಯೊಳಗೆ ಶವವನ್ನು ಪರೀಕ್ಷೆಗೆ ಕಳಿಸಬೇಕು, ಸಾಧ್ಯವಾಗದಿದ್ದರೆ ಕಾರಣ ಬರೆದಿಡಬೇಕು. ತಂದೆ ತಾಯಿ, ಮಕ್ಕಳು, ಒಡಹುಟ್ಟಿದವರು, ಗಂಡ ಅಥವಾ ಹೆಂಡತಿಗೆ ವಿಚಾರಣೆಯ ತಿಳಿವಳಿಕೆ ಕೊಟ್ಟು ಹಾಜರಿರಲು ಬಿಡಬೇಕು. ಮಾಡುವವರು ತಹಶೀಲ್ದಾರರೋ ನ್ಯಾಯಾಧೀಶರೋ ಎಂಬುದು ಬರೀ ತಾಂತ್ರಿಕ ಮಾತಲ್ಲ. ತಹಶೀಲ್ದಾರರು ದಿನಬೆಳಗಾದರೆ ಬಂದೋಬಸ್ತಿಗೆ ಅದೇ ಠಾಣೆಯನ್ನು ನೆಚ್ಚಿಕೊಂಡಿರುವವರು.

ಮ್ಯಾಜಿಸ್ಟ್ರೇಟರ ವಿಚಾರಣೆಯಿಂದ ಯಾರಿಗೂ ಶಿಕ್ಷೆಯಾಗುವುದಿಲ್ಲ. ಅದು ಸಾವಿನ ಕಾರಣ ಹುಡುಕುವ ಕೆಲಸ. ಶಿಕ್ಷೆಯ ದಾರಿ ಎಫ್‌ಐಆರ್‌ನಿಂದ ಶುರುವಾಗುತ್ತದೆ, ಅಲ್ಲಿಯೇ ದೊಡ್ಡ ತಡೆ ಬೀಳುತ್ತದೆ. ನಮ್ಮಲ್ಲಿ ಮೊದಲು ದಾಖಲಾಗುವುದು ಯುಡಿಆರ್, ಅಂದರೆ ಅಸಹಜ ಸಾವಿನ ವರದಿ. ಯುಡಿಆರ್‌ನಲ್ಲಿ ಆರೋಪಿಯೇ ಇರುವುದಿಲ್ಲ. ವರದಿ ಬರಲಿ, ಆಮೇಲೆ ನೋಡೋಣ ಎಂದು ತಿಂಗಳುಗಟ್ಟಲೆ ಅದರಲ್ಲೇ ಕೂರಿಸುತ್ತಾರೆ. ಮನೆಯವರ ದೂರಿನಲ್ಲಿ ಹೊಡೆದು ಸಾಯಿಸಿದರು ಎಂದು ಇದ್ದರೆ ಅದು ಸಂಜ್ಞೇಯ ಅಪರಾಧ, ಅಂದರೆ ಪೊಲೀಸರು ನ್ಯಾಯಾಲಯದ ಅನುಮತಿಗೆ ಕಾಯದೆ ತನಿಖೆ ಮಾಡಬಹುದಾದದ್ದು; ಎಫ್‌ಐಆರ್ ಹಾಕಲೇಬೇಕು ಎಂಬುದು 2013ರ ಲಲಿತಾ ಕುಮಾರಿ ತೀರ್ಪಿನಿಂದ ಇತ್ಯರ್ಥವಾದ ಮಾತು. ತಪ್ಪೊಪ್ಪಿಗೆಗಾಗಿ ಹೊಡೆಯುವುದು ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 120ರಡಿ ಪ್ರತ್ಯೇಕ ಅಪರಾಧ; ಗಾಯವಾದರೆ 7 ವರ್ಷ, ತೀವ್ರ ಗಾಯವಾದರೆ 10 ವರ್ಷದವರೆಗೆ ಶಿಕ್ಷೆಯಿದೆ.

ಅಮಾನತು ಶಿಕ್ಷೆಯಲ್ಲ. ಅದು ತನಿಖೆಗೆ ಅಡ್ಡಿಯಾಗದಂತೆ ದೂರ ಇಡುವ ಕ್ರಮ. ಜೀವನಾಧಾರ ಭತ್ಯೆ ಬರುತ್ತದೆ, ಗದ್ದಲ ತಣ್ಣಗಾದ ಮೇಲೆ ತೆರವಾಗುವುದೂ ಉಂಟು. ನಿಮ್ಮ ಪತ್ರದಲ್ಲೇ ಇದರ ಇನ್ನೊಂದು ಮುಖವಿದೆ: ತಪ್ಪಿಲ್ಲದ ಕಾನ್‌ಸ್ಟೇಬಲ್ ಕೂಡ ಜನರ ಸಿಟ್ಟು ಇಳಿಸಲೆಂದು ಮನೆಗೆ ಹೋಗುತ್ತಾನೆ. ಈ ಮಾತನ್ನು ಪೂರ್ತಿ ಒಪ್ಪುತ್ತೇವೆ. ಇನ್ನು ತನಿಖೆ ಮುಗಿದು ಆರೋಪಪಟ್ಟಿ ಸಿದ್ಧವಾದರೂ ಸರ್ಕಾರಿ ನೌಕರರ ಮೇಲೆ ಮೊಕದ್ದಮೆ ನಡೆಸಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ವಾದ ಏಳುತ್ತದೆ. ನಮ್ಮ ರಾಜ್ಯದಲ್ಲಿ ಇಂಥದೇ ಅನುಮತಿ ಕೇಳುವ ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 170 ಕೂಡ ಇರುವುದರಿಂದ ಈ ಗೋಡೆ ಇನ್ನಷ್ಟು ಎತ್ತರ. ಕರ್ನಾಟಕದಿಂದಲೇ ಹೋದ ದೇವರಾಜ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ, ಕರ್ತವ್ಯಕ್ಕೆ ಸಂಬಂಧಿಸಿದ ಕೃತ್ಯ ಮಿತಿ ಮೀರಿದ್ದರೂ ಅನುಮತಿ ಬೇಕು ಎಂದಿತು; ಕರ್ತವ್ಯಕ್ಕೆ ಸಂಬಂಧವೇ ಇಲ್ಲದ ಕೃತ್ಯಕ್ಕೆ ಬೇಡ ಎಂದೂ ಹೇಳಿತು. ಒಳಗೆ ಕೂಡಿಹಾಕಿ ಹೊಡೆಯುವುದು ಇವೆರಡರಲ್ಲಿ ಯಾವುದು ಎಂಬ ವಾದದಲ್ಲೇ ವರ್ಷಗಳು ಕಳೆಯುತ್ತವೆ. ಅದು ಯಾವ ಕರ್ತವ್ಯಕ್ಕೂ ಸೇರದು ಎಂಬುದು ನಮ್ಮ ಖಚಿತ ನಿಲುವು. ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 218ರಲ್ಲಿ ಒಂದು ಒಳ್ಳೆಯ ಬದಲಾವಣೆಯಿದೆ: ಅನುಮತಿ ಕೋರಿಕೆಯ ಮೇಲೆ ಸರ್ಕಾರ 120 ದಿನದಲ್ಲಿ ತೀರ್ಮಾನಿಸದಿದ್ದರೆ ಕೊಟ್ಟಂತೆಯೇ ಲೆಕ್ಕ. ಕೋರಿಕೆ ಯಾವ ದಿನಾಂಕಕ್ಕೆ ತಲುಪಿತು ಎಂಬ ಸ್ವೀಕೃತಿ ಇಟ್ಟುಕೊಂಡವರಿಗೆ ಮಾತ್ರ ಇದರಿಂದ ಉಪಯೋಗ.

ಆಯೋಗದ ಬಗ್ಗೆ ಚುಟುಕಾಗಿ: 24 ಗಂಟೆಯೊಳಗೆ ಅದಕ್ಕೆ ವರದಿ ಹೋಗಬೇಕು, ಅದು ಪರಿಹಾರ ಶಿಫಾರಸು ಮಾಡಬಹುದು, ಶಿಕ್ಷೆ ವಿಧಿಸಲಾರದು. ಘಟನೆಯಾಗಿ ಒಂದು ವರ್ಷ ಕಳೆದರೆ ದೂರನ್ನೂ ಕೈಗೆತ್ತಿಕೊಳ್ಳುವಂತಿಲ್ಲ. ಅಂಕಿಅಂಶಗಳೂ ಹೊಂದುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2021ರಲ್ಲಿ ಪೊಲೀಸ್ ವಶದಲ್ಲಿ ಸತ್ತವರು 88. ಆಯೋಗದ ಲೆಕ್ಕವನ್ನು ಆಧರಿಸಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ 2021-22ರಲ್ಲಿ 175. ಒಂದು ಕ್ಯಾಲೆಂಡರ್ ವರ್ಷ, ಇನ್ನೊಂದು ಹಣಕಾಸು ವರ್ಷ, ನಿಜ. ಅಷ್ಟಕ್ಕೇ ಇಮ್ಮಡಿ ಅಂತರ ಬರುವುದು ಕಷ್ಟ.

ಈಗ ಆ ಹತ್ತು ಗಂಟೆಗಳ ಮಾತು. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಆದರೆ ಗಡಿಯಾರ ಯಾವಾಗ ಶುರುವಾಯಿತು ಎಂದು ಬರೆಯುವವರು ಠಾಣೆಯವರೇ. ಬೆಳಿಗ್ಗೆ ಕರೆತಂದು, "ವಿಚಾರಣೆಗೆ ಕರೆಸಿದ್ದೆವು" ಎಂದಿಟ್ಟು, ರಾತ್ರಿ ದಸ್ತಗಿರಿ ತೋರಿಸಿದರೆ ನಡುವಿನ ಹೊತ್ತಿಗೆ ದಾಖಲೆಯೇ ಇಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 11 ಸೂಚನೆಗಳು ಈ ಖಾಲಿ ಹೊತ್ತನ್ನು ತುಂಬಲೆಂದೇ ಬಂದವು. ದಸ್ತಗಿರಿ ಪತ್ರದಲ್ಲಿ ದಿನಾಂಕ, ವೇಳೆ, ಮನೆಯವರೊಬ್ಬರ ಅಥವಾ ಊರಿನ ಗಣ್ಯರೊಬ್ಬರ ಸಾಕ್ಷಿ ಸಹಿ ಇರಬೇಕು. ಬಂಧಿತ ಕೇಳಿದರೆ ಮೈಮೇಲಿನ ಸಣ್ಣ, ದೊಡ್ಡ ಗಾಯಗಳನ್ನು ಅಲ್ಲಿಯೇ ಬರೆದು ಇಬ್ಬರೂ ಸಹಿ ಮಾಡಿ ಪ್ರತಿ ಕೊಡಬೇಕು. ವಶದಲ್ಲಿರುವಷ್ಟು ಕಾಲ 48 ಗಂಟೆಗೊಮ್ಮೆ ವೈದ್ಯರ ತಪಾಸಣೆಯಾಗಬೇಕು. ನಿಮ್ಮ ತಮ್ಮನಿಗೆ ಹೇಳಿ: ಆ ಗಾಯದ ಪಟ್ಟಿ ಕಾಪಾಡುವುದು ಮೊದಲು ಪೊಲೀಸರನ್ನು. ಊರವರೇ ಹೊಡೆದು ತಂದೊಪ್ಪಿಸಿದ ಕಳ್ಳನ ಗಾಯವನ್ನು ಆಗಲೇ ಬರೆಯದೆ ಒಳಗೆ ಬಿಟ್ಟುಕೊಂಡರೆ, ಆಮೇಲೆ ಆ ಗಾಯ ಠಾಣೆಯದ್ದೇ ಆಗುತ್ತದೆ.

ಸಿಸಿಟಿವಿಯದೂ ಇದೇ ಕತೆ. 2020ರ ಡಿಸೆಂಬರ್ 2ರ ಪರಮ್‌ವೀರ್ ಸಿಂಗ್ ಸೈನಿ ತೀರ್ಪು, ಪ್ರವೇಶದ್ವಾರದಿಂದ ಲಾಕಪ್, ಕಾರಿಡಾರ್, ಇನ್‌ಸ್ಪೆಕ್ಟರ್ ಕೊಠಡಿಯವರೆಗೆ ಧ್ವನಿಸಹಿತ ಕ್ಯಾಮೆರಾ ಇರಬೇಕು, ದೃಶ್ಯ 18 ತಿಂಗಳು ಉಳಿಯಬೇಕು, ಅಷ್ಟು ಸಾಮರ್ಥ್ಯದ ಯಂತ್ರ ಸಿಗದಿದ್ದರೂ ಒಂದು ವರ್ಷಕ್ಕೆ ಕಡಿಮೆಯಾಗಕೂಡದು ಎಂದಿತು. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಒಂದು ಕ್ಯಾಮೆರಾ ದಿನಕ್ಕೆ ಸುಮಾರು 10.8 ಜಿಬಿ ತಿನ್ನುತ್ತದೆ. 16 ಕ್ಯಾಮೆರಾಕ್ಕೆ ದಿನಕ್ಕೆ 173 ಜಿಬಿ, ವರ್ಷಕ್ಕೆ 63 ಟಿಬಿ. 1 ಟಿಬಿ ಡಿಸ್ಕ್ ಹಾಕಿದ ಠಾಣೆಯಲ್ಲಿ ಆರನೇ ದಿನ ಮೊದಲ ದಿನದ ದೃಶ್ಯ ಅಳಿಸಿಹೋಗುತ್ತದೆ. ಯಾರೂ ಬೇಕೆಂದು ಅಳಿಸಬೇಕಾಗಿಲ್ಲ. 2020ರ ಜೂನ್‌ನಲ್ಲಿ ತಮಿಳುನಾಡಿನ ಸಾತ್ತಾನ್‌ಕುಳಂ ಠಾಣೆಗೆ ಒಯ್ದಿದ್ದ ತಂದೆ, ಮಗ ಇಬ್ಬರೂ ಸತ್ತಾಗ ವಿಚಾರಣೆಗೆ ಹೋದ ಮ್ಯಾಜಿಸ್ಟ್ರೇಟರು ಕಂಡದ್ದು ಇದಕ್ಕಿಂತ ಕೆಟ್ಟದ್ದು: ಡಿಸ್ಕ್‌ನಲ್ಲಿ ಜಾಗವಿದ್ದರೂ ದೃಶ್ಯ ದಿನದಿನವೂ ತಾನಾಗಿ ಅಳಿಯುವಂತೆ ಸೆಟ್ಟಿಂಗ್ ಇತ್ತು. ಆ ಇಬ್ಬರ ವಿಷಯದಲ್ಲಿ ವೈದ್ಯರ ಪ್ರಮಾಣಪತ್ರವೂ ಇತ್ತು, ಜೈಲಿಗೆ ಕಳಿಸುವ ರಿಮಾಂಡ್ ಆದೇಶವೂ ಇತ್ತು. ಆದರೂ ರಾತ್ರಿ ನಡೆದದ್ದನ್ನು ಹೇಳಿದವರು ಅದೇ ಠಾಣೆಯ ಮಹಿಳಾ ಹೆಡ್ ಕಾನ್‌ಸ್ಟೇಬಲ್. ಅವರ ರಕ್ಷಣೆಗೆ ಹೈಕೋರ್ಟ್ ಆದೇಶ ಮಾಡಬೇಕಾಯಿತು. ಹಾಗಾಗಿ ಮನೆಯವರು ಮೊದಲ ದಿನವೇ, ಯಾವ ದಿನ ಯಾವ ವೇಳೆಯಿಂದ ಯಾವ ವೇಳೆಯವರೆಗಿನ ದೃಶ್ಯ ಉಳಿಸಬೇಕು ಎಂದು ಎಸ್‌ಪಿಗೂ ಮ್ಯಾಜಿಸ್ಟ್ರೇಟರಿಗೂ ಲಿಖಿತವಾಗಿ ಕೇಳಬೇಕು. ಬರೀ "ಸಿಸಿಟಿವಿ ಕೊಡಿ" ಎಂದರೆ ಸಾಲದು.

ಒಳಗಿದ್ದವನಿಗೆ ಏನಾಯಿತು ಎಂಬುದು ಒಳಗಿದ್ದವರಿಗಷ್ಟೇ ಗೊತ್ತಿರುವ ಸಂಗತಿ, ಅದಕ್ಕಾಗಿಯೇ ವಿವರಿಸುವ ಭಾರ ಅವರ ಮೇಲೆ ಬೀಳುತ್ತದೆ. ಒಡಿಶಾದಲ್ಲಿ 1987ರಲ್ಲಿ 22 ವರ್ಷದ ಯುವಕನೊಬ್ಬನನ್ನು ಪೊಲೀಸರು ಕರೆದೊಯ್ದ ಮರುದಿನ ಶವ ರೈಲು ಹಳಿಯ ಬಳಿ ಸಿಕ್ಕಿತು. ತಪ್ಪಿಸಿಕೊಂಡು ಓಡಿ ರೈಲಿಗೆ ಸಿಕ್ಕಿದ ಎಂದರು. ತಾಯಿ ನೀಲಾವತಿ ಬೆಹೆರಾ ಸುಪ್ರೀಂ ಕೋರ್ಟಿಗೆ ಒಂದು ಕಾಗದ ಬರೆದರು, ಅದನ್ನೇ ಅರ್ಜಿಯಾಗಿ ಸ್ವೀಕರಿಸಲಾಯಿತು. ಗಾಯಗಳು ಲಾಠಿಯಂಥ ಮೊಂಡು ಆಯುಧದವು ಎಂಬ ವೈದ್ಯಕೀಯ ಸಾಕ್ಷ್ಯದ ಮುಂದೆ ರೈಲಿನ ಕತೆ ನಿಲ್ಲಲಿಲ್ಲ. 1993ರಲ್ಲಿ 1,50,000 ರೂಪಾಯಿ ಪರಿಹಾರದ ಆದೇಶವಾಯಿತು.

ಕೊನೆಗೆ ನಿಮ್ಮ ತಮ್ಮನ ರಾತ್ರಿ ಪಾಳಿ. ಕುಡಿದು ಮಲಗಿದ್ದಾನೆ ಎಂದು ಬಿಟ್ಟವನ ತಲೆಯೊಳಗೆ ರಕ್ತ ಸೋರುತ್ತಿರಬಹುದು. ಎರಡೂ ಮೇಲುನೋಟಕ್ಕೆ ಒಂದೇ. ಅರ್ಧ ಗಂಟೆಗೊಮ್ಮೆ ಎಬ್ಬಿಸಿ ಹೆಸರು ಕೇಳಬೇಕು, ಕೈ ಎತ್ತಲು ಹೇಳಬೇಕು. ಬ್ರಿಟನ್ನಿನ ಠಾಣೆಗಳಲ್ಲಿ ಅಮಲಿನಲ್ಲಿರುವವರ ವಿಷಯದಲ್ಲಿ ಇದು ಲಿಖಿತ ನಿಯಮ. ಗೊರಕೆಯ ಸದ್ದು ಬದಲಾದರೆ, ಎಬ್ಬಿಸಿದರೂ ಏಳದಿದ್ದರೆ, ವಾಂತಿ ಮಾಡಿಕೊಂಡರೆ, ಮೊದಲು ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಲಿ, ಸಾಹೇಬರಿಗೆ ಫೋನು ಆಮೇಲೆ. ಕರೆ ಮಾಡಿದ ವೇಳೆ, ಆಂಬುಲೆನ್ಸ್ ಬಂದ ವೇಳೆಯನ್ನು ಆ ಕ್ಷಣವೇ ಸ್ಟೇಷನ್ ಹೌಸ್ ಡೈರಿಯಲ್ಲಿ ಬರೆಯಲಿ. ಪ್ರಾಣ ಹೋಗಿದ್ದರೆ ಲಾಕಪ್ ತೊಳೆಯುವುದು, ಬಟ್ಟೆ ಬದಲಿಸುವುದು, ಕಂಬಳಿ ಮಡಚಿಡುವುದು ಯಾವುದನ್ನೂ ಮಾಡಕೂಡದು; ಬಾಗಿಲಿಗೆ ಬೀಗ ಹಾಕಿ ಮ್ಯಾಜಿಸ್ಟ್ರೇಟರು ಬರುವವರೆಗೆ ಕಾಯಬೇಕು. ಮೇಲಿನವರು ಹಿಂದಿನ ವೇಳೆ ಹಾಕಿ ಬರೆ ಎಂದರೆ ಬರೆಯಬಾರದು. ಅಕ್ಷರ ಅವನದು, ನಾಳೆ ಕಟಕಟೆಯಲ್ಲಿ ಅದಕ್ಕೆ ಉತ್ತರ ಹೇಳಬೇಕಾದವನೂ ಅವನೇ.

— ಸಂಪಾದಕ