ಗಣಿತಕ್ಕೆ ಚಕ್ಕರ್ ಹೊಡೆದ ಮಾಟಗಾತಿ

ಪ್ರಶ್ನೆ: ಸಂಪಾದಕರೇ, ನನ್ನದೊಂದು ಪೇಚಿನ ಪ್ರಸಂಗ. ಪಿಯುಸಿ ಓದುವ ಮಗಳು ರಾತ್ರಿ ಹನ್ನೊಂದಾದರೂ ಮೊಬೈಲ್ ಹಿಡಿದು, ದಿಂಬಿಗೆ ಬಾಯಿ ಒತ್ತಿಕೊಂಡು ನಗುತ್ತಿದ್ದಳು. ಕಿತ್ತುಕೊಂಡು ನೋಡಿದೆ. ಹ್ಯಾರಿ ಪಾಟರ್ ಪಾತ್ರಗಳನ್ನು ಇಟ್ಟುಕೊಂಡು ಯಾವಳೋ ಅಭಿಮಾನಿ ಬರೆದ ‘ಮೈ ಇಮ್ಮಾರ್ಟಲ್’ ಎಂಬ ಕತೆ. ಕಾಗುಣಿತ ಇಲ್ಲ, ತಲೆಬುಡ ಇಲ್ಲ, ಬಾಯಿ ತೆರೆದರೆ ಬೈಗುಳ. ಬೈಯಬೇಕಾದರೆ ಓದಿರಬೇಕಲ್ಲ ಎಂದು ಶುರು ಮಾಡಿದವಳು ಇಪ್ಪತ್ತು ಅಧ್ಯಾಯ ಮುಗಿಸಿದ್ದೇನೆ! ಆರಿಸಿ ಆರಿಸಿ ಒಳ್ಳೆಯ ಪುಸ್ತಕವನ್ನೇ ಓದಿದವಳು ನಾನು. ನನ್ನ ರುಚಿ ಕೆಟ್ಟಿತೇ? ಯಾರೋ ಮಗು ಬರೆದದ್ದನ್ನು ಓದಿ ಹೀಗೆ ನಗುವುದು ತಪ್ಪಲ್ಲವೇ? ಮಗಳೂ ಏನೋ ಬರೆಯುತ್ತಾಳೆ ಅನ್ನಿಸುತ್ತದೆ, ನನಗೆ ತೋರಿಸುವುದಿಲ್ಲ.
– ಹೆಸರು ಬೇಡ ಎಂದಿರುವ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮ ರುಚಿ ಕೆಟ್ಟಿಲ್ಲ ತಾಯಿ. ರುಚಿ ಇದ್ದವರಿಗೇ ಇಂಥದ್ದು ನಗು ತರಿಸುವುದು. ‘ಹಿಮಾನೂ ಬೀಳುತ್ತಿತ್ತು ಮಳೇನೂ ಬರುತ್ತಿತ್ತು, ಅದಕ್ಕೇ ಬಿಸಿಲಿರಲಿಲ್ಲ, ಅದರಿಂದ ನನಗೆ ತುಂಬ ಖುಷಿಯಾಯಿತು’ ಎಂದು ಆ ಕತೆಯ ಮೊದಲ ಪುಟದಲ್ಲೇ ಬರುತ್ತದಲ್ಲ, ಅಲ್ಲಿ ನೀವು ನಕ್ಕಿರಿ ಅಂದರೆ ವಾಕ್ಯ ಹೇಗಿರಬೇಕು ಎಂಬುದು ನಿಮಗೆ ಚೆನ್ನಾಗಿ ಗೊತ್ತು ಅಂತಲೇ ಅರ್ಥ.

ಓದದವರಿಗಾಗಿ ನಾಲ್ಕು ಮಾತು. ಈ ಕತೆ 2006 ಮತ್ತು 2007ರಲ್ಲಿ ಕಂತು ಕಂತಾಗಿ ಬಂತು. ಒಟ್ಟು 44 ಅಧ್ಯಾಯ. ನಾಯಕಿಯ ಹೆಸರು ಎಬೊನಿ ಡಾರ್ಕ್‌ನೆಸ್ ಡಿಮೆನ್ಷಿಯಾ ರೇವನ್ ವೇ. ಹಾಜರಿ ಕೂಗುವ ಮೇಷ್ಟ್ರ ಗತಿ ಏನೋ! ಅವಳು ರಕ್ತ ಹೀರುವ ವ್ಯಾಂಪೈರ್. ಆದರೆ ಹಲ್ಲು ನೆಟ್ಟಗಿವೆ, ಬೆಳ್ಳಗಿವೆ ಎಂದು ತಾನೇ ಹೇಳಿಬಿಡುತ್ತಾಳೆ, ನಾವು ತಪ್ಪು ತಿಳಿಯಬಾರದಲ್ಲ. ಹ್ಯಾರಿಯ ಸಹಪಾಠಿ ಡ್ರೇಕೋ ಮಾಲ್ಫಾಯ್ ಅವಳನ್ನು ಕರಿ ಬಣ್ಣದ ಹಾರುವ ಮರ್ಸಿಡಿಸ್ ಬೆಂಜ್‌ನಲ್ಲಿ ರಾಕ್ ಸಂಗೀತ ಕೇಳಲು ಕರೆದೊಯ್ಯುತ್ತಾನೆ. ಹ್ಯಾರಿ ಪಾಟರ್‌ಗೆ ಆ ಹೆಸರು ಈಗ ಬೇಡವಂತೆ, ‘ವ್ಯಾಂಪೈರ್’ ಅಂತಲೇ ಕರೆಯಬೇಕಂತೆ. ಗಡ್ಡದ ಹೆಡ್‌ಮಾಸ್ಟರ್ ಡಂಬಲ್‌ಡೋರ್ ಬೀದಿಜಗಳದ ಭಾಷೆಯಲ್ಲಿ ಬೈಯುತ್ತಾರೆ. ಕತೆ ಮುಂದೆ ಹೋದಂತೆ ಎಬೊನಿ ಎಂಬ ನಾಯಕಿಯ ಹೆಸರೇ ಅಲ್ಲಲ್ಲಿ ‘ಎನೊಬಿ’ ಆಗಿಬಿಡುತ್ತದೆ. ಬರೆದವಳಿಗೆ ತಿದ್ದುವಷ್ಟು ಪುರುಸೊತ್ತಿಲ್ಲ. ಮುಂದಿನ ಸಾಲಿನಲ್ಲಿ ಏನಾಗುತ್ತದೆ ಎಂಬ ಆತುರ ಅವಳಿಗೇ ಜಾಸ್ತಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೇರೆ. ಕತೆಯ ನಡುನಡುವೆ ಕಂಸ ಹಾಕಿ ಬರೆದವಳೇ ಮಾತಾಡುತ್ತಾಳೆ. ರೇವನ್ ಎಂಬ ಗೆಳತಿ ಕಾಗುಣಿತ ತಿದ್ದಿಕೊಡುತ್ತಾಳೆ, ಅವಳಿಗೆ ಥ್ಯಾಂಕ್ಸ್ ಎಂದು ಶುರುವಿನಲ್ಲೇ ಇದೆ. ಆ ಗೆಳತಿಯನ್ನೇ ‘ವಿಲ್ಲೋ’ ಎಂಬ ಹೆಸರಿಟ್ಟು ಕತೆಯೊಳಗೂ ತಂದಿದ್ದಾಳೆ. ಇದ್ದಕ್ಕಿದ್ದ ಹಾಗೆ ಇಬ್ಬರಿಗೂ ಜಗಳ! ಏನಾಯಿತು? ಕಂಸದೊಳಗೆ ರೇವನ್‌ಗೆ ಬೈಗುಳದ ಮಳೆ. ಕತೆಯೊಳಗೆ ವಿಲ್ಲೋಳನ್ನು ಶಾಲೆಯಿಂದಲೇ ಆಚೆ ಹಾಕಿದರಂತೆ. ಯಾಕೆ? ಎಲ್ಲ ಪಾಠಗಳಲ್ಲೂ ಫೇಲ್, ಮೇಲಾಗಿ ಗಣಿತದ ಕ್ಲಾಸಿಗೆ ಚಕ್ಕರ್. ಮಂತ್ರ ಮಾಟ ಕಲಿಸುವ ಶಾಲೆಯಲ್ಲಿ ಗಣಿತಕ್ಕೆ ಚಕ್ಕರ್! ಅಷ್ಟು ಸಾಲದೆಂದು ಅವಳನ್ನು ಸಾಯಿಸಿಯೂ ಆಯಿತು. ತಿದ್ದುವವಳು ಹೋದಳಲ್ಲ, ಕಾಗುಣಿತ ಇನ್ನಷ್ಟು ಹಳ್ಳ ಹಿಡಿಯಿತು. ಆಮೇಲೆ ಗೆಳತಿಯರು ರಾಜಿಯಾದರು. ವಿಲ್ಲೋ ಏನೂ ಆಗದವಳ ಹಾಗೆ ವಾಪಸ್ ಬಂದಳು.

ಹೇಳಿ, ಯಾವ ಪ್ರಶಸ್ತಿ ಬಂದ ಕಾದಂಬರಿಯಲ್ಲಿ ಬರೆದವರ ಎದೆ ಇಷ್ಟು ಹತ್ತಿರದಿಂದ ಕಾಣಿಸುತ್ತದೆ? ಒಂದು ಕತೆ ಅಲ್ಲಿ ಓಡುತ್ತಿದೆ, ಅದರ ಅಂಚಿನಲ್ಲಿ ಇನ್ನೊಂದು. ಎರಡನೆಯದು ನಿಜ ಅನ್ನಿಸುವಷ್ಟು ಜೀವಂತ. ಅನ್ನಿಸುವಷ್ಟು ಅಂತ ಯಾಕೆ ಅಂದೆ ಅಂದರೆ, ಬರೆದದ್ದು ನಿಜಕ್ಕೂ ಯಾರು ಎಂಬುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಟಾರಾ ಗಿಲ್ಸ್‌ಬಿ ಎಂಬುದು ಇಟ್ಟುಕೊಂಡ ಹೆಸರು. 2017ರಲ್ಲಿ ಒಬ್ಬರು ನಾನೇ ಬರೆದದ್ದು ಎಂದು ಮುಂದೆ ಬಂದರು. ಅವರ ಆತ್ಮಕಥನ ಅಚ್ಚಾಗುವುದರಲ್ಲಿತ್ತು, ಅದೂ ನಿಂತುಹೋಯಿತು. ಇದೆಲ್ಲ ಬೇಕೆಂದೇ ಮಾಡಿದ ತಮಾಷೆ, ಯಾರೋ ಪಳಗಿದ ಕೈ ಬರೆದದ್ದು ಎಂದು ವಾದಿಸುವವರೂ ಇದ್ದಾರೆ. ಹಾಗಿದ್ದರೆ ಆ ಕೈಗೆ ದೊಡ್ಡ ನಮಸ್ಕಾರ. ಆದರೆ ನನಗೆ ನಂಬಿಕೆ ಬರುವುದಿಲ್ಲ. ಗಣಿತದ ಚಕ್ಕರ್ ಯೋಚಿಸಿ ಬರೆಯುವ ಸಾಲಲ್ಲ.

ನಗುವುದು ತಪ್ಪಲ್ಲವೇ ಎಂದು ಕೇಳಿದ್ದೀರಿ. ಆ ಮಾತಿನಲ್ಲಿ ಸತ್ಯ ಇದೆ, ಒಪ್ಪುತ್ತೇನೆ. ಅಮೆರಿಕದ ಜಿಮ್ ಥೀಸ್ ಎಂಬ ಹುಡುಗ ‘ದಿ ಐ ಆಫ್ ಆರ್ಗಾನ್’ ಎಂಬ ಕತ್ತಿವರಸೆಯ ಕತೆ ಬರೆದ. 1970ರಲ್ಲಿ ಅದು ವಿಜ್ಞಾನ ಕತೆಗಳ ಅಭಿಮಾನಿಗಳ ಒಂದು ಸಣ್ಣ ಪತ್ರಿಕೆಯಲ್ಲಿ ಬಂತು. ಹುಡುಗನಿಗೆ ಆಗ ಹದಿನಾರು. ನಾಯಕನ ಹೆಸರು ಗ್ರಿಗ್‌ನರ್. ಅದನ್ನು ಉಚ್ಚರಿಸಲು ಹೋದವರ ನಾಲಿಗೆಯೇ ಹೊರಳುವುದಿಲ್ಲ. ಅಭಿಮಾನಿಗಳ ಸಮ್ಮೇಳನಗಳಲ್ಲಿ ಅದು ಒಂದು ಆಟವೇ ಆಗಿಹೋಯಿತು. ವೃತ್ತಾಕಾರ ಕೂರುವುದು, ಒಬ್ಬರು ಗಟ್ಟಿಯಾಗಿ ಓದುವುದು, ನಕ್ಕ ತಕ್ಷಣ ಪುಟ ಪಕ್ಕದವರಿಗೆ. ವರ್ಷಗಟ್ಟಲೆ ನಡೆಯಿತು ಈ ಆಟ. ಕೈಯಿಂದ ಕೈಗೆ ದಾಟುವಾಗ ಕೊನೆಯ ಪುಟ ಕಳೆದೇ ಹೋಗಿತ್ತು. 2005ರಲ್ಲಿ ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪೂರ್ತಿ ಪ್ರತಿ ಸಿಕ್ಕಾಗ ಜನ ಸಂಭ್ರಮಪಟ್ಟರು. ಆದರೆ ಥೀಸ್? 1984ರಲ್ಲಿ ರೇಡಿಯೊದಲ್ಲಿ ಮಾತಾಡುತ್ತಾ, ನನಗೆ ನೋವಾಗಿದೆ, ಇನ್ನು ಏನೂ ಬರೆಯುವುದಿಲ್ಲ ಎಂದ. 2002ರಲ್ಲಿ ತೀರಿಕೊಂಡ. ಕೊನೆಯ ಪುಟ ಸಿಕ್ಕಿದ್ದು ಅವನಿಗೆ ಗೊತ್ತಾಗಲೇ ಇಲ್ಲ.

ಹಾಗಾಗಿ ಬರೆದವರ ಮುಖಕ್ಕೆ ನಗಬಾರದು. ಅಷ್ಟು ಮರ್ಯಾದೆ ಇರಲಿ. ಆದರೆ ಇದೇ ನೆಪ ಇಟ್ಟುಕೊಂಡು ಓದೇ ಬೇಡ, ನಗೋದೇ ಬೇಡ ಅನ್ನುವವರ ಜೊತೆ ನಾನಿಲ್ಲ. ಮೂವತ್ತು ವರ್ಷ ಕಳೆದ ಮೇಲೂ ಕಳೆದುಹೋದ ಒಂದು ಪುಟಕ್ಕಾಗಿ ಹುಡುಕಾಡುತ್ತಾರೆ ಅಂದರೆ ಅದು ಬರೀ ಅಣಕವೇ? ಪ್ರೀತಿ ಇಲ್ಲದೆ ಯಾರು ಹುಡುಕುತ್ತಾರೆ?

ದೊಡ್ಡವರೂ ಈ ಚಟಕ್ಕೆ ಬಿದ್ದವರೇ. ಐರ್ಲೆಂಡಿನ ಲಾರ್ನ್ ಊರಿನ ಸ್ಟೇಷನ್ ಮಾಸ್ಟರ್ ಹೆಂಡತಿ ಅಮಾಂಡಾ ಮೆಕಿಟ್ರಿಕ್ ರಾಸ್ 1897ರಲ್ಲಿ ‘ಐರೀನ್ ಇಡ್ಸ್‌ಲೇ’ ಎಂಬ ಕಾದಂಬರಿ ಪ್ರಕಟಿಸಿದಳು. ಮದುವೆಯಾಗಿ ಹತ್ತು ವರ್ಷವಾದದ್ದಕ್ಕೆ ಗಂಡ ಕೊಟ್ಟ ಉಡುಗೊರೆ, ಅಚ್ಚಿನ ಖರ್ಚು ಅವನದು. (ನಮ್ಮಲ್ಲಿ ಸೀರೆ ಕೊಡಿಸಿ ಮುಗಿಸುತ್ತಾರೆ.) ಆಕೆಯ ಗದ್ಯದ ತುಂಬ ಒಂದೇ ಅಕ್ಷರದಿಂದ ಶುರುವಾಗುವ ಪದಗಳ ಮೆರವಣಿಗೆ. ಆಕ್ಸ್‌ಫರ್ಡ್‌ನಲ್ಲಿ ಟೋಲ್ಕಿನ್, ಸಿ.ಎಸ್. ಲೂಯಿಸ್‌ರಂಥ ಹೆಸರಾಂತ ಲೇಖಕರಿದ್ದ ಗೆಳೆಯರ ಗುಂಪಿನಲ್ಲಿ, ಯಾರು ಆಕೆಯ ಪುಸ್ತಕವನ್ನು ನಗದೆ ಹೆಚ್ಚು ಹೊತ್ತು ಓದುತ್ತಾರೆ ಎಂಬ ಪಂದ್ಯ ನಡೆಯುತ್ತಿತ್ತು. ದಿಂಬಿಗೆ ಬಾಯಿ ಒತ್ತಿಕೊಂಡ ಮಗಳ ಜೊತೆ ನೀವು ಸೇರಿಕೊಂಡದ್ದು ಅವರ ಕೂಟಕ್ಕೇ, ಬೇಜಾರು ಮಾಡಿಕೊಳ್ಳಬೇಡಿ.

ಇನ್ನೂ ಒಂದು ಹೇಳಬೇಕು. ಡೇಸಿ ಆಶ್‌ಫರ್ಡ್ ಎಂಬ ಇಂಗ್ಲಿಷ್ ಹುಡುಗಿ ಒಂಬತ್ತನೇ ವಯಸ್ಸಿನಲ್ಲಿ ನೋಟ್‌ಬುಕ್ಕಿನಲ್ಲಿ ದೊಡ್ಡವರ ಪ್ರೇಮಕತೆ ಬರೆದಿಟ್ಟಿದ್ದಳು. 1919ರಲ್ಲಿ ಅದು ‘ದಿ ಯಂಗ್ ವಿಸಿಟರ್ಸ್’ ಎಂದು ಪುಸ್ತಕವಾಯಿತು, ಪೀಟರ್ ಪ್ಯಾನ್ ಬರೆದ ಬ್ಯಾರಿಯ ಮುನ್ನುಡಿಯೊಂದಿಗೆ. ಹುಡುಗಿಯ ಕಾಗುಣಿತ ತಪ್ಪುಗಳನ್ನು ಹೆಸರಿನಲ್ಲಿ ಕೂಡ ಹಾಗೇ ಬಿಟ್ಟರು. ಕತೆಯ ಮೊದಲ ಸಾಲಲ್ಲೇ ಒಬ್ಬ ಮುದುಕ ಬರುತ್ತಾನೆ. ಅವನ ವಯಸ್ಸು 42. ನಮ್ಮಂಥ ಯಾವ ಸಂಪಾದಕನ ಕೈಗೆ ಸಿಕ್ಕಿದ್ದರೂ ಮುದುಕ ಹೋಗಿ ‘ನಡುವಯಸ್ಕ’ ಆಗುತ್ತಿದ್ದ. ಪುಸ್ತಕ ಅಲ್ಲೇ ಸಾಯುತ್ತಿತ್ತು.

ಕೆಟ್ಟ ಬರಹದಲ್ಲಿ ಎರಡು ಜಾತಿ. ಒಂದು ಬೇಸರ ತರಿಸುತ್ತದೆ. ಇನ್ನೊಂದು ಹುರುಪಿನಿಂದ ಕೆಟ್ಟಿರುತ್ತದೆ. ಎರಡನೆಯದನ್ನು ಬರೆಯುವುದು ಸುಲಭ ಅಲ್ಲ. ಅದಕ್ಕೆ ಬರೆದವರಿಗೆ ಏನೋ ಒಂದು ವಿಪರೀತ ಬೇಕಾಗಿರಬೇಕು, ಆ ಆಸೆಯನ್ನು ಮುಚ್ಚಿಡುವ ಬುದ್ಧಿ ಇನ್ನೂ ಬಂದಿರಬಾರದು. ಅಭಿಮಾನಿ ಕತೆಗಳಲ್ಲಿ ಈ ಆಸೆ ಒಂದೇ: ನಾನೂ ಆ ಕತೆಯೊಳಗೆ ಹೋಗಬೇಕು, ಎಲ್ಲರೂ ನನ್ನನ್ನೇ ನೋಡಬೇಕು. ಅಮೆರಿಕದಲ್ಲಿ ಸ್ಟಾರ್ ಟ್ರೆಕ್ ಎಂಬ ಅಂತರಿಕ್ಷ ಹಡಗಿನ ಟಿ.ವಿ. ಧಾರಾವಾಹಿಯ ಅಭಿಮಾನಿಗಳು ಇಂಥ ಕತೆಗಳನ್ನು ರಾಶಿ ಹಾಕುತ್ತಿದ್ದಾಗ, 1973ರಲ್ಲಿ ಪೌಲಾ ಸ್ಮಿತ್ ಒಂದು ಪುಟಾಣಿ ಅಣಕ ಬರೆದರು. ಅದರ ನಾಯಕಿ ಲೆಫ್ಟಿನೆಂಟ್ ಮೇರಿ ಸ್ಯೂ. ವಯಸ್ಸು ಹದಿನೈದೂವರೆ, ಇಡೀ ಪಡೆಯಲ್ಲೇ ಕಿರಿಯ ಅಧಿಕಾರಿ, ಎಲ್ಲದರಲ್ಲೂ ಮುಂದು. ಸತ್ತಾಗ ಎಲ್ಲರೂ ಕಣ್ಣೀರು ಹಾಕುತ್ತಾರೆ, ಅವಳು ಹುಟ್ಟಿದ ದಿನ ಹಡಗಿಗೇ ರಜೆ! ಅಂದಿನಿಂದ ಇಂಥ ನಾಯಕಿಯರಿಗೆಲ್ಲ ಮೇರಿ ಸ್ಯೂ ಅಂತಲೇ ಹೆಸರು.

ನಾವೇನು ಕಮ್ಮಿಯೇ? ಪಂಪ 941ರಲ್ಲಿ ಮಹಾಭಾರತ ಹೇಳುವಾಗ ತನ್ನ ದೊರೆ ಅರಿಕೇಸರಿಯನ್ನು ತಂದು ಅರ್ಜುನನೊಳಗೆ ಕೂರಿಸಿದ. ಆಮೇಲೆ ದ್ರೌಪದಿಗೆ ಐವರು ಗಂಡಂದಿರು ಇರುವುದು ಹೇಗೆ? ಅರ್ಜುನನೊಬ್ಬನೇ ಸಾಕು. ಕೊನೆಯ ಪಟ್ಟಾಭಿಷೇಕವೂ ಅರ್ಜುನನಿಗೇ, ಪಕ್ಕದಲ್ಲಿ ಸುಭದ್ರೆ. ದೊರೆಗೆ ಖುಷಿಯಾಯಿತು, ಕವಿಗೆ ಅಗ್ರಹಾರ ಸಿಕ್ಕಿತು. ಪಂಪನನ್ನು ಈ ಸಾಲಿಗೆ ಎಳೆದು ತಂದದ್ದಕ್ಕೆ ಮುಂದಿನ ವಾರ ಪತ್ರಗಳು ಬರುತ್ತವೆ, ಬರಲಿ. ಅವನು ಮಹಾಕವಿ, ಹುಡುಗಿ ಅಲ್ಲ. ಆದರೆ ಆಸೆ ಅದೇ ಅಲ್ವಾ? ರಾಮಾಯಣ ಬರೆದವರ ಭಾರಕ್ಕೆ ಆದಿಶೇಷನೇ ತಿಣುಕಿದ, ಕಾಲಿಡಲು ತೆರಪಿಲ್ಲ ಎಂದ ಕುಮಾರವ್ಯಾಸ. ಅಷ್ಟೊಂದು ರಾಮಾಯಣಗಳಲ್ಲಿ ಎಲ್ಲವೂ ಚೆನ್ನಾಗಿದ್ದವು ಅನ್ನುತ್ತೀರಾ? ನಗಿಸುವಂಥವೂ ಇದ್ದಿರಬೇಕು. ಉಳಿಸಿಕೊಳ್ಳುವವರಿರಲಿಲ್ಲ, ಅಷ್ಟೇ.

ಈಗ ನನ್ನ ಹೊಟ್ಟೆಯುರಿ ಹೇಳಿಕೊಳ್ಳುತ್ತೇನೆ. ಪತ್ರಿಕೆಗೆ ಈಚೆಗೆ ಬರುವ ಕತೆಗಳನ್ನು ನೀವು ನೋಡಬೇಕು. ಒಂದೂ ಕಾಗುಣಿತ ತಪ್ಪಿಲ್ಲ. ಯಂತ್ರವೇ ತಿದ್ದಿಕೊಡುತ್ತದೆ, ಕೆಲವರಿಗೆ ಬರೆದೂ ಕೊಡುತ್ತದೆ. ಅಜ್ಜಿ, ಹಳೆಯ ಮನೆ, ಮಾರಾಟವಾದ ತೋಟ, ಕೊನೆಯಲ್ಲಿ ಮಳೆ. ಹತ್ತು ಕತೆ ಓದಿದರೂ ಬರೆದವರಿಗೆ ಏನು ಬೇಕಿತ್ತು ಎಂಬುದು ತಿಳಿಯುವುದಿಲ್ಲ. ಪ್ರಕಟವಾಗುವುದು ಬಿಟ್ಟು ಬೇರೇನೂ ಬೇಕಿರಲಿಲ್ಲ ಅನ್ನಿಸುತ್ತದೆ. ಪುಸ್ತಕ ಬಿಡುಗಡೆಗೆ ಹೋದರೆ ಅದೇ ನಾಲ್ವರು, ಅದೇ ಶಾಲು, ‘ಕನ್ನಡ ಸಾಹಿತ್ಯಕ್ಕೆ ಮಹತ್ವದ ಸೇರ್ಪಡೆ’. ಓದಿದವರು ವೇದಿಕೆ ಮೇಲೂ ಇಲ್ಲ, ಕೆಳಗೂ ಇಲ್ಲ. ಯಾರೂ ಯಾವ ಪುಸ್ತಕಕ್ಕೂ ನಗುವುದಿಲ್ಲ, ಅಳುವುದಿಲ್ಲ. ಉಪ್ಪಿಟ್ಟು ತಿಂದು ಮನೆಗೆ ಬರುತ್ತಾರೆ.

ಇದು ಶುರುವಾಗುವುದು ಶಾಲೆಯಲ್ಲಿ. ‘ನನ್ನ ಮೆಚ್ಚಿನ ಹಬ್ಬ’ ಎಂದು ಪ್ರಬಂಧ ಕೊಡುತ್ತಾರೆ. ಗೈಡಿನಲ್ಲಿ ಇರುವುದು ದೀಪಾವಳಿ, ಹಾಗಾಗಿ ತರಗತಿಯ ಎಲ್ಲ ಮಕ್ಕಳಿಗೂ ದೀಪಾವಳಿಯೇ ಮೆಚ್ಚು. ನನಗೆ ಗೊತ್ತಿರುವ ಒಬ್ಬ ಹುಡುಗ, ಯಾವ ಹಬ್ಬವೂ ಇಷ್ಟ ಇಲ್ಲ, ಹಬ್ಬದ ದಿನ ಅಮ್ಮ ಸಿಡಿಸಿಡಿ ಅನ್ನುತ್ತಾಳೆ, ನನಗೆ ಹಬ್ಬದ ಮರುದಿನ ಇಷ್ಟ ಎಂದು ಬರೆದ. ಹತ್ತಕ್ಕೆ ಎರಡು ಅಂಕ ಬಂತು. ನನ್ನ ಪತ್ರಿಕೆಗೆ ಕಳಿಸಿದ್ದರೆ ವಿಶೇಷಾಂಕದಲ್ಲಿ ಹಾಕುತ್ತಿದ್ದೆ. ಅಂಥ ಮಕ್ಕಳು ಆಮೇಲೆ ಎಲ್ಲಿ ಬರೆಯಬೇಕು? ಯಾರೂ ಅಂಕ ಕೊಡದ ಜಾಗದಲ್ಲಿ, ಸುಳ್ಳು ಹೆಸರಿನಲ್ಲಿ, ಇನ್ನೊಬ್ಬರ ಪಾತ್ರಗಳ ಹೆಗಲೇರಿ. ಬರೆಯುವುದೇ ಅಲ್ಲಿ ಮಜಾ. ಹಾಗೆ ಬರೆದವರಲ್ಲಿ ಎಷ್ಟೋ ಜನ ಮುಂದೆ ಚೆನ್ನಾಗಿಯೂ ಬರೆಯುತ್ತಾರೆ. ಹೆಚ್ಚಿನವರು ಬರೆಯುವುದಿಲ್ಲ. ಅದಕ್ಕೇನೀಗ? ರಾಗ ಬಾರದವರೂ ಬಚ್ಚಲಲ್ಲಿ ಹಾಡುತ್ತಾರೆ.

ಇನ್ನು ನಿಮ್ಮ ಮಗಳ ವಿಷಯ. ಒಂದು ಸಣ್ಣ ಗದರಿಕೆ ನಿಮಗೆ ಬಾಕಿ ಇದೆ. ಮೊಬೈಲ್ ಕಿತ್ತುಕೊಂಡದ್ದು ಸರಿಯಲ್ಲ. ಮೊದಲು ವಾಪಸ್ ಕೊಡಿ. ಅವಳು ಬರೆಯುತ್ತಿದ್ದರೆ ತೋರಿಸು ಅನ್ನಬೇಡಿ. ಕದ್ದು ಅಂತೂ ನೋಡಲೇಬೇಡಿ. ತಾನಾಗಿ ತೋರಿಸಿದ ದಿನ ಕಾಗುಣಿತ ತಿದ್ದುವ ಪೆನ್ನು ನಿಮ್ಮ ಕೈಯಲ್ಲಿ ಇರದಿರಲಿ. ಅದಕ್ಕೆ ಅವಳ ಗೆಳತಿಯರಿದ್ದಾರೆ, ಜಗಳ ಆದಾಗ ಅವರನ್ನು ಹೇಗೆ ಸಾಯಿಸಬೇಕು ಎಂಬುದೂ ಅವಳಿಗೆ ಈಗ ಗೊತ್ತಿದೆ. ಸದ್ಯಕ್ಕೆ ನೀವು ಮಾಡಬಹುದಾದದ್ದು, ಊಟವಾದ ಮೇಲೆ ಇಬ್ಬರೂ ಕೂತು ಸಮ್ಮೇಳನದವರ ಹಾಗೆ ಗಟ್ಟಿಯಾಗಿ ಓದುವುದು. ನಕ್ಕವರು ಮೊಬೈಲ್ ದಾಟಿಸಬೇಕು. ಬೈಗುಳ ಬಂದಲ್ಲಿ ಇಬ್ಬರೂ ಕೆಮ್ಮಿ.

ಇಪ್ಪತ್ತು ಅಧ್ಯಾಯ ಆಗಿದೆ ಅಂದಿರಿ. ಇನ್ನೂ 24 ಇವೆ. ಮುಂದೆ ಎಬೊನಿ ಕಾಲಯಂತ್ರ ಹತ್ತಿ ಹಿಂದಕ್ಕೆ ಹೋಗುತ್ತಾಳೆ, ಹ್ಯಾರಿಯ ಕಡುವೈರಿ ವಾಲ್ಡಮಾರ್ಟ್‌ನನ್ನು ಹರೆಯದಲ್ಲೇ ಮರುಳು ಮಾಡುವ ಕೆಲಸ ಅವಳ ತಲೆಗೆ ಬೀಳುತ್ತದೆ. ಬಿಡದೆ ಓದಿ. 39ನೆಯದನ್ನು ಮಾತ್ರ ಹಾರಿಸಬಹುದು. ಬರೆದವಳ ಪಾಸ್‌ವರ್ಡ್ ಕದ್ದು ಇನ್ಯಾರೋ ನುಗ್ಗಿ ಬರೆದ ಅಧ್ಯಾಯವಂತೆ ಅದು. ಕಾಗುಣಿತ, ವ್ಯಾಕರಣ ಎಲ್ಲ ಸರಿಯಾಗಿದೆ. ನನಗೆ ಅರ್ಧಕ್ಕೇ ಆಕಳಿಕೆ ಬಂತು.
– ಸಂ.