ಪಾಸ್ ಹಂಚಬೇಡಿ, ಟಿಕೆಟ್ ಮಾರಿ

ತಿಪಟೂರಿನ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಬೇಡ ಎಂದಿದ್ದಾರೆ, ಹಾಕುವುದಿಲ್ಲ. ಅವರದೊಂದು ಜಿಮ್ ಇದೆ. ಕಳೆದ ವರ್ಷ ಊರಿನಲ್ಲಿ ದೇಹದಾರ್ಢ್ಯ ಸ್ಪರ್ಧೆ ನಡೆಸಿದರು. ಖರ್ಚು 2,40,000 ರೂಪಾಯಿ. 94 ಹುಡುಗರಿಂದ ತಲಾ 500ರಂತೆ ಬಂದ ಎಂಟ್ರಿ ಫೀ 47,000. ಪ್ರಾಯೋಜಕರು ಕೊಟ್ಟಿದ್ದು 1,10,000. ಮಿಕ್ಕ 83,000 ಕೈಯಿಂದ ಹೋಯಿತು. ಪತ್ರದ ಕೊನೆಗೆ ಹೀಗಿದೆ: "ಈ ಕ್ರೀಡೆಗೆ ಜನ ಇಲ್ಲ ಸಾರ್. ವೇದಿಕೆ, ಲೈಟು, ಮೈಕು ಎಲ್ಲ ದಂಡ. ಹುಡುಗರು ವಿಡಿಯೋ ಕಳಿಸಲಿ, ತೀರ್ಪುಗಾರರು ಮನೆಯಲ್ಲೇ ಕೂತು ನೋಡಲಿ, ಪದಕ ಕೊರಿಯರ್ ಮಾಡೋಣ. ಅದು ಆಗಲ್ಲ ಅಂದರೆ ಎಂಟ್ರಿ ಫೀ 1,500 ಮಾಡಬೇಕು. ನೀವೇನಂತೀರಿ?"

ಮಾನ್ಯರೇ,

ಪತ್ರದ ಜೊತೆ ಲೆಕ್ಕದ ಚೀಟಿಯನ್ನೂ ಇಟ್ಟಿದ್ದೀರಿ. ಅದಕ್ಕೆ ಮೊದಲು ಧನ್ಯವಾದ. ಸ್ಪರ್ಧೆ ನಡೆಸುವವರು ನಷ್ಟದ ಮಾತು ಆಡುತ್ತಾರೆ, ಲೆಕ್ಕ ತೋರಿಸುವವರು ಕಡಿಮೆ. ನಿಮ್ಮ ಚೀಟಿಯಲ್ಲಿ ಎರಡು ಸಾಲುಗಳ ಕೆಳಗೆ ಗೆರೆ ಎಳೆದಿದ್ದೇನೆ. ಒಂದು, "ಉಚಿತ ಪಾಸ್ 800, ಮುದ್ರಣ ವೆಚ್ಚ". ಇನ್ನೊಂದು, "ಶಾಲು, ಹಾರ, ಪೇಟ, ನೆನಪಿನ ಕಾಣಿಕೆ: 22,000". ಟಿಕೆಟ್ ಮಾರಾಟ ಎಂಬ ಸಾಲನ್ನು ಹುಡುಕಿದೆ. ಅದು ಇಲ್ಲವೇ ಇಲ್ಲ.

ಜನ ಇಲ್ಲ ಅನ್ನುತ್ತೀರಿ. ನೂರು ರೂಪಾಯಿ ಕೊಟ್ಟು ಬನ್ನಿ ಎಂದು ಜನರನ್ನು ಒಮ್ಮೆಯಾದರೂ ಕೇಳಿದ್ದೀರಾ? ಕೇಳದೆಯೇ ಅವರು ಬರುವುದಿಲ್ಲ ಎಂದು ತೀರ್ಮಾನ ಮಾಡಿದ್ದೀರಿ. ನನಗೆ ಬೇಜಾರಾಗಿದ್ದು ಇದಕ್ಕೇ.

ವಿಡಿಯೋ ವಿಷಯದಲ್ಲಿ ನಿಮ್ಮ ಮಾತನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೊರೋನಾ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ದುಬೈನಲ್ಲಿರುವ ಅಣ್ಣ ತಮ್ಮನ ಪೋಸಿಂಗ್ ನೋಡಲಿ ಎಂದು ಯೂಟ್ಯೂಬ್‌ನಲ್ಲಿ ನೇರ ಪ್ರಸಾರ ಇಟ್ಟರೆ ಒಳ್ಳೆಯದೇ. ಆದರೆ ವೇದಿಕೆಯನ್ನೇ ತೆಗೆದರೆ ಸ್ಪರ್ಧೆ ಎಲ್ಲಿ ಉಳಿಯಿತು? ಫಿಲ್ಟರ್ ಹಾಕದಿದ್ದರೂ, ಲೈಟನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದರೆ ಸಾಧಾರಣ ಹೊಟ್ಟೆಯಲ್ಲೂ ಆರು ಗೆರೆ ಮೂಡುತ್ತವೆ. ತೀರ್ಪು ಹುಟ್ಟುವುದು ಅಕ್ಕಪಕ್ಕ ನಿಲ್ಲಿಸಿದಾಗ. ಐದು ಜನರನ್ನು ಕರೆಯಬೇಕು, ಕಾಲು ಭಾಗದಷ್ಟು ತಿರುಗಿಸುತ್ತಾ ಸುತ್ತಿಸಬೇಕು, ಡಬಲ್ ಬೈಸೆಪ್ಸ್, ಲ್ಯಾಟ್ ಸ್ಪ್ರೆಡ್, ಸೈಡ್ ಚೆಸ್ಟ್ ಎಂಬ ಭಂಗಿಗಳನ್ನು ಮಾಡಿಸಬೇಕು. ಅನುಮಾನ ಬಂದರೆ ಇಬ್ಬರ ಜಾಗ ಅದಲು ಬದಲು ಮಾಡಿ ಮತ್ತೆ ನೋಡಬೇಕು. ಮುಂದಿನಿಂದ ಗೆಲ್ಲುವಂತೆ ಕಂಡವನು ಬೆನ್ನು ತಿರುಗಿಸಿದ ಕೂಡಲೇ ನಾಲ್ಕನೇ ಸ್ಥಾನಕ್ಕೆ ಇಳಿಯುವುದನ್ನು ನೀವೇ ಎಷ್ಟು ಸಲ ಕಂಡಿಲ್ಲ?

ಇದನ್ನು ಅರಿಯಲು ಪಂಡಿತರೇ ಆಗಬೇಕಿಲ್ಲ. ಹಿಂದೆ ಒಂದು ಪುರಭವನದಲ್ಲಿ ನನ್ನ ಪಕ್ಕದ ಕುರ್ಚಿಗೆ ಹೂ ಮಾರುವ ಅಜ್ಜಿಯೊಬ್ಬರು ಬಂದು ಕೂತರು. ಹೊರಗೆ ಮಳೆ, ಅದಕ್ಕೇ ಒಳಗೆ ಬಂದಿದ್ದರು. ಮೊದಲು ಸೆರಗು ಬಾಯಿಗೆ ಹಿಡಿದು ನಕ್ಕರು. ಮೂರನೇ ತೂಕ ವಿಭಾಗ ಬರುವ ಹೊತ್ತಿಗೆ ನಗು ನಿಂತಿತ್ತು. "ಆ ಕೊನೇ ಹುಡುಗನ ಬೆನ್ನು ನೋಡಪ್ಪ, ಮಿಕ್ಕವರದ್ದು ಬರೀ ಎದೆ" ಅಂದರು. ತೀರ್ಪುಗಾರರು ಅವನನ್ನೇ ಗೆಲ್ಲಿಸಿದರು. ಅಂಥ ಪ್ರೇಕ್ಷಕರನ್ನು ಮಳೆ ಕರೆತಂದಿತು, ನಾವು ಕರೆದಿರಲಿಲ್ಲ.

ಈ ಕ್ರೀಡೆ ಟಿಕೆಟ್ ಮಾರಿಯೇ ಹುಟ್ಟಿದ್ದು. ಬಲಪ್ರದರ್ಶನಕ್ಕೆ ಹೆಸರಾದ ಯೂಜೀನ್ ಸ್ಯಾಂಡೋ ತನ್ನ ಪತ್ರಿಕೆಯಲ್ಲಿ ಸ್ಪರ್ಧೆ ಘೋಷಿಸಿ, ಬ್ರಿಟನ್ನಿನ ಊರೂರುಗಳಲ್ಲಿ ಮೊದಲ ಸುತ್ತುಗಳನ್ನು ನಡೆಸಿ, 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫೈನಲ್ ಇಟ್ಟ. ತೀರ್ಪು ಕೊಡಲು ಅವನ ಜೊತೆ ಕೂತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಸಾಹಿತಿ ಆರ್ಥರ್ ಕಾನನ್ ಡಾಯ್ಲ್. ಗೆದ್ದವನು ನಾಟಿಂಗ್‌ಹ್ಯಾಮಿನ ವಿಲಿಯಂ ಮರ್ರೆ. ಸಭಾಂಗಣ ತುಂಬಿ ತುಳುಕಿತು. ಬಂದ ಹಣ ಯುದ್ಧ ಪರಿಹಾರ ನಿಧಿಗೆ ಹೋಯಿತು. ಸ್ಯಾಂಡೋ ಬರೀ ಮೈ ತೋರಿಸಿ ಜನರನ್ನು ಕೂರಿಸಲಿಲ್ಲ ಎಂಬುದನ್ನು ಗಮನಿಸಿ. ಕುಸ್ತಿ ಇತ್ತು, ಕಸರತ್ತು ಇತ್ತು, ಬ್ಯಾಂಡ್ ಇತ್ತು, ಕೊನೆಗೆ ಅವನದೇ ಪ್ರದರ್ಶನ ಇತ್ತು. ಪತ್ರಿಕೆ, ತರಬೇತಿ ಶಾಲೆ, ವ್ಯಾಯಾಮದ ಸಾಮಾನು, ಈ ಮೂರಕ್ಕೂ ಆ ರಾತ್ರಿ ಜಾಹೀರಾತಾಯಿತು.

ಇನ್ನೊಂದು ಕಥೆ ಅಮೆರಿಕದ ಕೊಲಂಬಸ್‌ನದು. ಓಹಯೋ ರಾಜ್ಯದ ಈ ಊರಿನಲ್ಲಿ ಜಿಮ್ ಲೋರಿಮರ್ ಎಂಬುವರಿದ್ದರು. ಅವರ ಕೆಲಸ ವಿಮಾ ಕಂಪನಿಯಲ್ಲಿ. 1970ರಲ್ಲಿ ವಿಶ್ವ ವೇಟ್‌ಲಿಫ್ಟಿಂಗ್ ಚಾಂಪಿಯನ್‌ಶಿಪ್ಪನ್ನು ತಮ್ಮ ಊರಿಗೆ ತಂದರು. ಅದರ ಜೊತೆಗೇ ಮಿಸ್ಟರ್ ವರ್ಲ್ಡ್ ದೇಹದಾರ್ಢ್ಯ ಸ್ಪರ್ಧೆಯನ್ನೂ ಇಟ್ಟರು. ಒಂದು ಕಡೆ ರಷ್ಯಾದ ವಾಸಿಲಿ ಅಲೆಕ್ಸೆಯೆವ್ 500 ಪೌಂಡ್ ಎತ್ತಿ ದಾಖಲೆ ಬರೆದ. ಇನ್ನೊಂದು ಕಡೆ ಆರ್ನಾಲ್ಡ್ ಶ್ವಾರ್ಜ್‌ನೆಗರ್, ಆಗಿನ ದೊಡ್ಡ ಚಾಂಪಿಯನ್ ಸರ್ಜಿಯೋ ಒಲಿವಾನನ್ನು ಸೋಲಿಸಿದ. ಮುಂದೆ ಆರ್ನಾಲ್ಡ್ ಅದೇ ಊರಿಗೆ ಮರಳಿ ಬಂದು ಲೋರಿಮರ್ ಜೊತೆ ಪಾಲುದಾರನಾದ. 1976ರಿಂದ 1979ರವರೆಗೆ ಈ ಕ್ರೀಡೆಯ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ಅಲ್ಲೇ ನಡೆಯಿತು. 1989ರಿಂದ ಆರ್ನಾಲ್ಡ್ ಕ್ಲಾಸಿಕ್ ಶುರುವಾಯಿತು. ಅದರ ಸುತ್ತ ಹತ್ತಾರು ಬೇರೆ ಕ್ರೀಡೆಗಳು ಸೇರಿಕೊಂಡವು, ಮಳಿಗೆಗಳ ದೊಡ್ಡ ಜಾತ್ರೆಯೇ ಬೆಳೆಯಿತು. 2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ವೇದಿಕೆಯ ಸ್ಪರ್ಧೆ ನಡೆಯಿತು, ಮುಚ್ಚಿಸಿದ್ದು ಮಳಿಗೆಗಳನ್ನು.

ನಿಮ್ಮ ಊರಿಗೆ ಇದರಿಂದ ಏನು ಎಂದು ಕೇಳಬೇಡಿ. ತಿಪಟೂರು ಕೊಬ್ಬರಿ ಮಂಡಿಯ ಊರು. ದಿನವಿಡೀ ಚೀಲ ಹೊರುವ ಹಮಾಲಿಗಳು ಇರುವ ಊರು. ಸ್ಪರ್ಧೆಯ ಮಧ್ಯೆ ಒಂದು ಚೀಲ ಎತ್ತುವ ಪಂದ್ಯ ಇಡಿ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವುದನ್ನು ನೋಡಲು ಜನ ಬಿಸಿಲಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಬಲ ನೋಡಲು ಬಂದವನು ಮೈಕಟ್ಟನ್ನೂ ನೋಡಿ ಹೋಗುತ್ತಾನೆ. ಮಂಡಿಯವರು, ಎಣ್ಣೆ ಮಿಲ್ಲಿನವರು, ಮೊಟ್ಟೆಯ ಹೋಲ್‌ಸೇಲ್ ಅಂಗಡಿಯವರು, ಬೈಕ್ ಶೋರೂಮಿನವರು ಮಳಿಗೆ ಹಾಕುವುದು ಜನ ಸೇರುವ ಕಡೆ. ಬರೀ ಫ್ಲೆಕ್ಸ್‌ನಲ್ಲಿ ಹೆಸರು ಹಾಕುತ್ತೇವೆ ಎಂದರೆ ಅವರು ಕೊಡುವುದು ದಾನ. ಅದು ಮುಂದಿನ ವರ್ಷ ಬರುತ್ತದೆ ಎಂಬ ಗ್ಯಾರಂಟಿ ಇಲ್ಲ.

ಜನರನ್ನು ಮನೆಯಲ್ಲೇ ಕೂರಿಸಿ ದುಡ್ಡು ಮಾಡುವ ಪ್ರಯತ್ನವೂ ಆಗಿದೆ. ಕುಸ್ತಿ ಶೋಗಳ ವಿನ್ಸ್ ಮೆಕ್‌ಮಹೊನ್ 1990ರಲ್ಲಿ ಡಬ್ಲ್ಯೂಬಿಎಫ್ (ವರ್ಲ್ಡ್ ಬಾಡಿಬಿಲ್ಡಿಂಗ್ ಫೆಡರೇಷನ್) ಎಂಬ ದೇಹದಾರ್ಢ್ಯ ಸಂಸ್ಥೆ ಕಟ್ಟಿದ. ಹೆಸರಾಂತ ಪಟುಗಳಿಗೆ ದೊಡ್ಡ ಸಂಬಳದ ಒಪ್ಪಂದ, ಹೊಗೆ, ಬಣ್ಣದ ಬೆಳಕು, ಟಿವಿ ಕಾರ್ಯಕ್ರಮ, ಏನುಂಟು ಏನಿಲ್ಲ! 1991ರಲ್ಲಿ ಅಟ್ಲಾಂಟಿಕ್ ಸಿಟಿ, 1992ರಲ್ಲಿ ಲಾಂಗ್ ಬೀಚ್. ಎರಡೂ ಸಲ ಗ್ಯಾರಿ ಸ್ಟ್ರೈಡಮ್ ಗೆದ್ದ. ಎರಡನೆಯದನ್ನು ದುಡ್ಡು ಕೊಟ್ಟು ಮನೆಯಲ್ಲಿ ನೋಡಿ ಅಂದಾಗ ಕೊಂಡವರು ತೀರಾ ಕಡಿಮೆ. ಮರುತಿಂಗಳೇ ಸಂಸ್ಥೆ ಬಾಗಿಲು ಹಾಕಿತು. ಅಷ್ಟು ದುಡ್ಡಿದ್ದವನಿಗೆ ಆಗದ್ದು ನಮ್ಮ ಮೊಬೈಲ್ ವಿಡಿಯೋಗೆ ಆಗುತ್ತದೆಯೇ?

ನೀವು ಹೇಳಿದ ಎಂಟ್ರಿ ಫೀ ದಾರಿ ಅಮೆರಿಕದ್ದೇ. ಅಲ್ಲಿನ ಹವ್ಯಾಸಿ ಸ್ಪರ್ಧೆಗಳಲ್ಲಿ ಸದಸ್ಯತ್ವಕ್ಕೆ ಒಂದು ಫೀ, ಪ್ರತಿ ವಿಭಾಗಕ್ಕೆ ಇನ್ನೊಂದು ಫೀ, ಮೈಗೆ ಟ್ಯಾನ್ ಎಂಬ ಕಂದು ಬಣ್ಣ ಬಳಿಯಲು ಬೇರೆ ದುಡ್ಡು. ಬಿಕಿನಿ, ಮೆನ್ಸ್ ಫಿಸಿಕ್, ಕ್ಲಾಸಿಕ್ ಫಿಸಿಕ್ ಎಂದು ವಿಭಾಗ ಹೆಚ್ಚಿದಷ್ಟೂ ಆಯೋಜಕರಿಗೆ ವರಮಾನ. ಸಭಾಂಗಣದಲ್ಲಿ ಕೂತವರು ಬಹುತೇಕ ಸ್ಪರ್ಧಿಗಳ ಅಪ್ಪ, ಅಮ್ಮ, ಗೆಳೆಯರು. ಲೆಕ್ಕಕ್ಕೆ ಇದು ಸರಿಹೋಗುತ್ತದೆ, ಒಪ್ಪುತ್ತೇನೆ. ಆದರೆ ಇಲ್ಲಿ ಸ್ಪರ್ಧಿಯೇ ಗಿರಾಕಿ. ಆಡುವವನೇ ದುಡ್ಡು ಕೊಟ್ಟು ಆಡುವ ಆಟ ಹೊರಗಿನವನನ್ನು ಮರೆತುಬಿಡುತ್ತದೆ. ಮೇಲಿನ ಹಂತದಲ್ಲಿ ಪರಿಸ್ಥಿತಿ ಬೇರೆ. 1965ರಲ್ಲಿ ಮೊದಲ ಮಿಸ್ಟರ್ ಒಲಿಂಪಿಯಾ ಗೆದ್ದ ಲ್ಯಾರಿ ಸ್ಕಾಟ್‌ಗೆ ಸಿಕ್ಕಿದ್ದು ಕಿರೀಟ. 2024ರಲ್ಲಿ ಗೆದ್ದ ಸ್ಯಾಮ್ಸನ್ ಡೌಡಾಗೆ 6,00,000 ಡಾಲರ್.

ಹೊರಗಿನವನು ಬರದಿದ್ದರೆ ಏನಾಗುತ್ತದೆ ಎಂಬುದನ್ನು ಹೆಣ್ಣುಮಕ್ಕಳು ಅನುಭವಿಸಿದರು. 2014ರಲ್ಲಿ ಐರಿಸ್ ಕೈಲ್ ಹತ್ತನೇ ಸಲ ಮಿಸ್ ಒಲಿಂಪಿಯಾ ಗೆದ್ದ ಮೇಲೆ ಆ ಸ್ಪರ್ಧೆಯನ್ನೇ ನಿಲ್ಲಿಸಿದರು. ಹತ್ತು ಸಲ ಗೆದ್ದವಳ ವೇದಿಕೆಯನ್ನೇ ಕಿತ್ತರು! ಮತ್ತೆ ಶುರುವಾಗಿದ್ದು 2020ರಲ್ಲಿ. ಮಹಿಳಾ ದೇಹದಾರ್ಢ್ಯಕ್ಕೆ ಮೊದಲಿನಿಂದಲೂ ಹಣ ಹಾಕುತ್ತಿದ್ದ ಜೇಕ್ ವುಡ್ ಎಂಬ ಉದ್ಯಮಿ ಒಲಿಂಪಿಯಾವನ್ನೇ ಕೊಂಡುಕೊಂಡ ವರ್ಷ ಅದು. ಅವರಿಗೊಬ್ಬ ಧಣಿ ಸಿಕ್ಕ. ನಮ್ಮ ಜಿಲ್ಲೆಗಳ ಹುಡುಗ ಹುಡುಗಿಯರಿಗೆ ಯಾರು ಸಿಗುತ್ತಾರೆ?

ಸಿಗುವವರು ಮುಖ್ಯ ಅತಿಥಿಗಳು. ಈಗ ನಿಮ್ಮ 22,000 ರೂಪಾಯಿಯ ಸಾಲಿಗೆ ಬರುತ್ತೇನೆ. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ, ತಪ್ಪು ತಿಳಿಯಬೇಡಿ. ಒಂದು ಊರಿನಲ್ಲಿ ಸಂಜೆ ಐದಕ್ಕೆ ಕರೆದ ಸ್ಪರ್ಧೆ ಅತಿಥಿಗಳಿಗಾಗಿ ಕಾದು ಕಾದು ರಾತ್ರಿ ಶುರುವಾಯಿತು. ಹುಡುಗರು ಅಲ್ಲೇ ಮೈಗೆ ಬಣ್ಣ ಬಳಿದುಕೊಂಡು ಕೂತಿದ್ದರು. ಸ್ನಾಯು ಎದ್ದು ಕಾಣಲಿ ಎಂದು ಅವರು ಹಿಂದಿನ ದಿನದಿಂದ ನೀರು ಕಡಿಮೆ ಮಾಡಿರುತ್ತಾರೆ, ಉಪ್ಪು ಬಿಟ್ಟಿರುತ್ತಾರೆ. ಅತಿಥಿಗಳು ಬಂದರು, ಸನ್ಮಾನ ಆಯಿತು, ಭಾಷಣ ಆಯಿತು. 60 ಕೆ.ಜಿ. ವಿಭಾಗದ ಒಬ್ಬ ಹುಡುಗ ತೊಡೆ ಹಿಡಿದುಕೊಂಡು ವೇದಿಕೆಯ ಮೆಟ್ಟಿಲ ಮೇಲೇ ಕುಸಿದ. ಅವನ ಅಮ್ಮ ಫ್ಲಾಸ್ಕ್ ಹಿಡಿದುಕೊಂಡು ಓಡಿಬಂದರು. 1992ರಲ್ಲಿ ಮೊಹಮ್ಮದ್ ಬೆನಜೀಜಾ ಎಂಬ ಹೆಸರಾಂತ ಪಟು ಹಾಲೆಂಡ್‌ನಲ್ಲಿ ಸ್ಪರ್ಧೆ ಮುಗಿಸಿದ ಸ್ವಲ್ಪ ಹೊತ್ತಿಗೇ ತೀರಿಕೊಂಡ. ಮೈಯ ನೀರು ಬತ್ತಿಸಿಕೊಂಡದ್ದೇ ಅವನಿಗೆ ಮುಳುವಾಯಿತು. ಈ ಆಟದಲ್ಲಿ ಗಡಿಯಾರಕ್ಕೆ ಜೀವದ ಬೆಲೆ ಇದೆ. ಭಾಷಣ ಉದ್ದ ಮಾಡುವವರಿಗೆ ಇದನ್ನು ಯಾರಾದರೂ ಹೇಳಬೇಕು.

ಟಿಕೆಟ್ ಇದ್ದಿದ್ದರೆ ಹೀಗಾಗುತ್ತಿತ್ತೇ? ನೂರು ರೂಪಾಯಿ ಕೊಟ್ಟವನು ಆರೂವರೆಗೆ ಶಿಳ್ಳೆ ಹೊಡೆಯುತ್ತಾನೆ, ಏಳಕ್ಕೆ ದುಡ್ಡು ವಾಪಸ್ ಕೇಳುತ್ತಾನೆ. ಪಾಸ್ ತಂದವನು ಸುಮ್ನೆ ಕೂರುತ್ತಾನೆ ಅಥವಾ ಎದ್ದು ಹೋಗುತ್ತಾನೆ. ಮುಂದಿನ ಎರಡು ಸಾಲು ಗಣ್ಯರಿಗೆ ಮೀಸಲು, ಖಾಲಿ. ಹಿಂದೆ ನಿಂತವರಿಗೆ ವೇದಿಕೆ ಕಾಣುವುದಿಲ್ಲ. ನಾಟಕದಲ್ಲೂ ಇದೇ ಆಗಿದೆ, ಸಂಗೀತದಲ್ಲೂ ಇದೇ. ಗುಬ್ಬಿ ವೀರಣ್ಣನವರ ಕಂಪನಿ ಊರೂರು ಸುತ್ತಿದ್ದು ಟಿಕೆಟ್ ಮಾರಿ. ಅದೇ ನಾಡಿನಲ್ಲಿ ಈಗ ಪರಿಚಯದವರಿಗೆ ಫೋನ್ ಮಾಡಿ "ಎರಡು ಪಾಸ್ ಇಟ್ಟಿರು" ಎನ್ನುವುದು ದೊಡ್ಡಸ್ತಿಕೆ. ಮದುವೆಗೆ ಬಂದವರಂತೆ ಬಂದು ಹೋಗುವ ಪ್ರೇಕ್ಷಕರಿಂದ ಯಾವ ಕಲೆಯೂ ಬದುಕುವುದಿಲ್ಲ.

ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ನೆನೆಸಿಕೊಳ್ಳಿ. ವ್ಯಾಯಾಮಶಾಲೆ ಕಟ್ಟಿದವರು, ಅಂಚೆಯ ಮೂಲಕ ದೂರದೂರದವರಿಗೆ ಅಂಗಸಾಧನೆ ಕಲಿಸಿ ಅದರಿಂದ ಸಂಪಾದನೆ ಮಾಡಿದವರು. ಕೈಲಾಸಂ ಅವರ ಆಪ್ತ ಗೆಳೆಯರು, ಕಾದಂಬರಿಕಾರರು, ರಂಗಭೂಮಿಯ ಹುಚ್ಚಿದ್ದವರು. ಮೈ ಕಟ್ಟುವುದಕ್ಕೂ ವೇದಿಕೆಗೂ ಏನು ನಂಟು ಎಂಬುದನ್ನು ಅವರು ಬಲ್ಲರು. ನಮ್ಮ ಆಯೋಜಕರಲ್ಲಿ ಎಷ್ಟು ಜನ ಸಂಗೀತಕ್ಕೆ ತಕ್ಕಂತೆ ಒಂದು ನಿಮಿಷದ ಪೋಸಿಂಗ್ ಕಲಿಸುತ್ತಾರೆ? ತೂಕ, ಡಯಟ್, ಸ್ನಾಯು ಬೆಳೆಸುವ ಇಂಜೆಕ್ಷನ್ ಬಗ್ಗೆ ಮಾತಾಡುವವರು ಜಾಸ್ತಿ. ಆ ಕೊನೆಯದರಿಂದಲೇ ದೊಡ್ಡ ಕಂಪನಿಗಳು ಈ ಕ್ರೀಡೆಯಿಂದ ದೂರ ನಿಲ್ಲುತ್ತವೆ ಎಂದೂ ಪತ್ರದಲ್ಲಿ ಬರೆದಿದ್ದೀರಿ, ಅದು ನಿಜ. ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು.

ಎಂಟ್ರಿ ಫೀ ಮಾತ್ರ ಮುಟ್ಟಬೇಡಿ. 55 ಕೆ.ಜಿ. ವಿಭಾಗಕ್ಕೆ ನಿಲ್ಲುವವನು ಟೈಲ್ಸ್ ಕೆಲಸ ಮಾಡುತ್ತಾನೆ, ಆಟೋ ಓಡಿಸುತ್ತಾನೆ, ನಿಮ್ಮಂಥವರ ಜಿಮ್‌ನಲ್ಲೇ ಟ್ರೈನರ್ ಆಗಿರುತ್ತಾನೆ. ಮೊಟ್ಟೆ, ಕೋಳಿಗೇ ಅವನ ಸಂಬಳ ಕರಗಿರುತ್ತದೆ. 1,500 ಕೇಳಿದರೆ 94 ಜನ ಬರುವುದಿಲ್ಲ, 30 ಜನ ಬಂದರೆ ಹೆಚ್ಚು.

ಹೀಗೆ ಮಾಡಿ. ತೂಕ ನೋಡುವುದು, ಮೊದಲ ಸುತ್ತು ಎಲ್ಲ ಬೆಳಗ್ಗೆಯೇ ಮುಗಿಸಿ. ಸಂಜೆಗೆ ಪ್ರತಿ ವಿಭಾಗದ ಮೊದಲ ಐವರು ಮಾತ್ರ. ಆರಕ್ಕೆ ಶುರು, ಒಂಬತ್ತಕ್ಕೆ ಮುಕ್ತಾಯ. ಅತಿಥಿಗಳು ಬಂದರೆ ಪದಕ ಕೊಡಲಿ, ಮೈಕು ಬೇಡ. ಶಾಲು ಹಾರ ಬಿಟ್ಟರೆ 22,000 ಉಳಿಯಿತು. ಮೂರು ಮಳಿಗೆ, ತಲಾ 5,000, ಅದು 15,000. ನೂರು ರೂಪಾಯಿಯ ಟಿಕೆಟ್ 300 ಹೋದರೆ 30,000. ಒಟ್ಟು 67,000. ನಿಮ್ಮ 83,000ದ ನಷ್ಟದಲ್ಲಿ ಇನ್ನು ಉಳಿಯುವುದು 16,000. ಅದಕ್ಕೆ ಮತ್ತೆ 160 ಟಿಕೆಟ್ ಸಾಕು. ಕಾಲೇಜಿನವರಿಗೆ, ಮಂಡಿಯ ಹಮಾಲಿಗಳಿಗೆ ನೀವೇ ಹೋಗಿ ಮಾರಿ. ನಿಮ್ಮ ಹುಡುಗರ ಕೈಗೂ ಹತ್ತು ಹತ್ತು ಟಿಕೆಟ್ ಕೊಡಿ. ಮಳೆಗಾಲ ಬೇಡ, ಪರೀಕ್ಷೆಯ ತಿಂಗಳೂ ಬೇಡ, ಜನವರಿಯಲ್ಲಿ ಇಟ್ಟುಕೊಳ್ಳಿ. ಟಿಕೆಟ್ ಪುಸ್ತಕ ಅಚ್ಚಾದ ಮೇಲೆ ದಿನಾಂಕ ಬರೆದು ಕಳಿಸಿ, ಈ ಪುಟದಲ್ಲಿ ಪ್ರಕಟಿಸುತ್ತೇವೆ.

— ಸಂಪಾದಕ